ಹೇಟೆಯನ್ನು ಕಾವಿಗೆ ಕೂರಿಸುವ ಕ್ರಮ

ಮನೆಯಂಗಳದಲ್ಲಿ ನಾಲ್ಕಾರು ನಾಟಿ ಕೋಳಿ ಸಾಕುವವರು ಹಿಂಡನ್ನು ಬೆಳೆಸಲು ಯಂತ್ರವನ್ನಾಗಲಿ ವಿದ್ಯುತ್ತನ್ನಾಗಲಿ ನಂಬಬೇಕಾಗಿಲ್ಲ. ಕಾವಿಗೆ ಬಂದ ಒಂದು ಹೇಟೆ ಇದ್ದರೆ ಸಾಕು. ಹಾಗಿದ್ದೂ ಹನ್ನೆರಡು ಮೊಟ್ಟೆ ಇಟ್ಟು ಐದೇ ಮರಿ ಕಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರು ತಪ್ಪನ್ನು ಹೇಟೆಯ ತಲೆಗೇ ಕಟ್ಟುತ್ತಾರೆ. ಎಷ್ಟು ಮರಿಗಳು ಹೊರಬರುತ್ತವೆ ಎಂಬುದು ಬಹುಮಟ್ಟಿಗೆ ಹೇಟೆ ಗೂಡು ಹತ್ತುವ ಮೊದಲೇ, ನಾವು ಮೊಟ್ಟೆಗಳನ್ನು ಆರಿಸಿ ಕೂಡಿಟ್ಟ ಬಗೆಯಲ್ಲೇ ತೀರ್ಮಾನವಾಗಿರುತ್ತದೆ. ಅದು ಕೂತ ಮೇಲೆ ನಮಗೆ ಉಳಿಯುವ ಕೆಲಸ ಕಡಿಮೆ, ಮಾಡದೆ ಬಿಡಬೇಕಾದದ್ದೇ ಹೆಚ್ಚು.

ನಮ್ಮ ಬಯಲುಸೀಮೆಯ ಹವೆಗೆ ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ ಕಾವಿಗೆ ಹೇಳಿ ಮಾಡಿಸಿದ್ದು. ಮಳೆಗಾಲದಲ್ಲಿ ಗೂಡು ತೇವವಾಗಿ ಮರಿಗಳು ಶೀತಕ್ಕೆ ಸಿಲುಕುತ್ತವೆ. ಕಡು ಬೇಸಿಗೆಯಲ್ಲಿ ಕೂಡಿಟ್ಟ ಮೊಟ್ಟೆಗಳೇ ಕೆಡುತ್ತವೆ, ಅದರ ಮೇಲೆ ಕೋಳಿಗಳನ್ನು ಕೊಲ್ಲುವ ಕೊಕ್ಕರೆ ರೋಗದ (ರಾಣಿಖೇತ್) ಭಯವೂ ಇರುತ್ತದೆ.

ಕಾವಿಗೆ ಬಂದ ಗುರುತು

ನಾಟಿ ಹೇಟೆ ಒಂದು ಸರದಿಗೆ ಹತ್ತರಿಂದ ಹದಿನೈದು ಮೊಟ್ಟೆ ಇಟ್ಟು ನಿಲ್ಲಿಸುತ್ತದೆ. ಅನಂತರ ಗೂಡು ಬಿಟ್ಟು ಏಳದೆ, ಹತ್ತಿರ ಕೈ ಒಯ್ದರೆ ಪುಕ್ಕ ಕೆದರಿಸಿಕೊಂಡು ಕುಕ್ಕಲು ಬರುತ್ತದೆ, ಹೊರಗೆ ಬಂದಾಗಲೂ ಕೊಕ್ ಕೊಕ್ ಎಂದು ಒಂದೇ ರಾಗದಲ್ಲಿ ಸದ್ದು ಮಾಡುತ್ತಾ ಓಡಾಡುತ್ತದೆ. ಮೆಲ್ಲನೆ ಎತ್ತಿ ನೋಡಿದರೆ ಎದೆ ಮತ್ತು ಹೊಟ್ಟೆಯ ಪುಕ್ಕ ಉದುರಿ ಚರ್ಮ ಬರಿದಾಗಿ, ಮುಟ್ಟಿದರೆ ಬೆಚ್ಚಗಿರುವುದು ತಿಳಿಯುತ್ತದೆ. ಆ ಬರಿ ಚರ್ಮದಿಂದಲೇ ಮೊಟ್ಟೆಗೆ ನೇರವಾಗಿ ಶಾಖ ಸಿಗುವುದು. ಇಷ್ಟು ಕಂಡ ತಕ್ಷಣ ಒಳ್ಳೆಯ ಮೊಟ್ಟೆಗಳನ್ನು ಇಡಬಾರದು. ಎರಡು ಮೂರು ಹಳೆಯ ಮೊಟ್ಟೆಗಳನ್ನು ಅದರ ಅಡಿಯಲ್ಲಿಟ್ಟು ಎರಡು ರಾತ್ರಿ ಕದಲದೆ ಕೂರುತ್ತದೆಯೇ ಎಂದು ನೋಡಬೇಕು. ಕೆಲವು ಹೇಟೆಗಳು ಹಗಲಲ್ಲಿ ಕೂತು ಕತ್ತಲಾಗುತ್ತಲೇ ಅಟ್ಟ ಹತ್ತುತ್ತವೆ, ಅಂಥವನ್ನು ನೆಚ್ಚಬಾರದು.

ಗಿರಿರಾಜ, ಸ್ವರ್ಣಧಾರಾದಂಥ ಸುಧಾರಿತ ತಳಿಗಳಲ್ಲಿ ಕಾವಿಗೆ ಬರುವ ಗುಣ ಬಹಳ ಕಡಿಮೆಯಾಗಿದೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲವಾದ್ದರಿಂದ, ಹೆಚ್ಚು ಮೊಟ್ಟೆ ಬೇಕೆನ್ನುವ ತಳಿಗಳಲ್ಲಿ ಈ ಗುಣ ಹಿಂದೆ ಸರಿಯುವುದು ಸಹಜ. ಅವುಗಳ ಮೊಟ್ಟೆಗಳನ್ನು ನಾಟಿ ಹೇಟೆಯ ಅಡಿಯಲ್ಲಿ ಇಡಬಹುದು, ಆದರೆ ಬೆರಕೆ ತಳಿಯ ಮರಿಗಳು ತಾಯಿತಂದೆಯಂತೆಯೇ ಬೆಳೆಯುತ್ತವೆ ಎಂದು ಎಣಿಸಬಾರದು.

ಮೊಟ್ಟೆಯ ಆಯ್ಕೆ

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಹಂತ ಇದು. ಅಂಗಡಿಯಿಂದ ತಂದ ಫಾರಂ ಮೊಟ್ಟೆಯಿಂದ ಮರಿಯಾಗುವುದಿಲ್ಲ, ಏಕೆಂದರೆ ಅದನ್ನಿಟ್ಟ ಕೋಳಿಗಳು ಹುಂಜದ ಸಂಗವಿಲ್ಲದೆ ಪಂಜರದಲ್ಲಿ ಬೆಳೆದವು. ಮನೆಯ ಹಿಂಡಿನಲ್ಲೂ ಎಂಟು ಹತ್ತು ಹೇಟೆಗೆ ಚುರುಕಾದ ಒಂದು ಹುಂಜವಾದರೂ ಇರಬೇಕು. ಮುದಿ ಹುಂಜ ಅಥವಾ ಕಾಲು ನೋವಿನ ಹುಂಜ ಇದ್ದೂ ಇಲ್ಲದಂತೆಯೇ ಸರಿ.

ಮೊಟ್ಟೆ ಹೊಸದಾದಷ್ಟೂ ಒಳ್ಳೆಯದು. ಚಳಿಗಾಲದಲ್ಲಿ ಒಂದು ವಾರದೊಳಗಿನದು, ಬಿಸಿಲ ಕಾಲದಲ್ಲಿ ಮೂರು ನಾಲ್ಕು ದಿನದೊಳಗಿನದು ಸರಿ. ನಾಟಿ ಹೇಟೆ ದಿನ ಬಿಟ್ಟು ದಿನ ಇಡುವುದರಿಂದ ಒಂದೇ ಹೇಟೆಯ ಹನ್ನೆರಡು ಮೊಟ್ಟೆ ಕೂಡುವಷ್ಟರಲ್ಲಿ ಮೊದಲಿನವು ಎರಡು ಮೂರು ವಾರ ಹಳೆಯದಾಗಿರುತ್ತವೆ, ಮತ್ತು ಮರಿ ಕಡಿಮೆಯಾಗಲು ಮುಖ್ಯ ಕಾರಣ ಇದೇ. ಆದ್ದರಿಂದ ಹಳೆಯ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಕೊನೆಯ ವಾರದವನ್ನು ಮಾತ್ರ ಉಳಿಸಿಕೊಂಡು, ಮಿಕ್ಕದ್ದನ್ನು ಬೇರೆ ಹೇಟೆಗಳಿಂದ ಅಥವಾ ನೆರೆಮನೆಯಿಂದ ತುಂಬಿಸಿಕೊಳ್ಳುವುದೇ ಜಾಣತನ. ಮೊಟ್ಟೆ ಇಟ್ಟ ದಿನವನ್ನು ಅದರ ಮೇಲೆಯೇ ಪೆನ್ಸಿಲಿನಿಂದ ಬರೆದಿಟ್ಟರೆ ಗೊಂದಲವಿರುವುದಿಲ್ಲ.

ತೀರಾ ದೊಡ್ಡದು, ತೀರಾ ಚಿಕ್ಕದು, ಉದ್ದನೆಯದು, ಚಿಪ್ಪು ತೆಳುವಾದದ್ದು ಬೇಡ. ಎರಡು ಮೊಟ್ಟೆಗಳನ್ನು ಬೆರಳ ತುದಿಯಲ್ಲಿ ಹಿಡಿದು ಹಗುರವಾಗಿ ತಾಕಿಸಿದಾಗ ಗಟ್ಟಿ ನಾದ ಬರಬೇಕು. ಒಡಕು ಸದ್ದು ಬಂದರೆ ಕಣ್ಣಿಗೆ ಕಾಣದ ಬಿರುಕು ಇದೆ ಎಂದೇ ಅರ್ಥ. ಕೊಳೆಯಾದ ಮೊಟ್ಟೆಯನ್ನು ತೊಳೆದು ಇಡುವ ರೂಢಿ ಕೆಲವರಲ್ಲಿದೆ, ಅದನ್ನು ಖಂಡಿತ ಮಾಡಬಾರದು. ಚಿಪ್ಪಿನ ಮೇಲಿನ ತೆಳು ಪೊರೆ ರೋಗಾಣುಗಳನ್ನು ತಡೆಯುತ್ತದೆ, ತೊಳೆದರೆ ಅದು ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟದ್ದೂ ಬೇಡ. ನೀರಿನ ಹಂಡೆಯ ಪಕ್ಕದ ತಂಪು ಮೂಲೆಯಲ್ಲಿ, ರಾಗಿ ಅಥವಾ ಮರಳು ತುಂಬಿದ ಬುಟ್ಟಿಯಲ್ಲಿ, ಚೂಪು ತುದಿ ಕೆಳಗಾಗುವಂತೆ ಊರಿಟ್ಟರೆ ಸಾಕು.

ಎಷ್ಟು ಇಡಬೇಕೆಂಬುದು ಹೇಟೆಯ ಮೈಯನ್ನು ಅವಲಂಬಿಸಿದೆ. ಸಾಧಾರಣ ನಾಟಿ ಹೇಟೆಗೆ ಹತ್ತರಿಂದ ಹನ್ನೆರಡು ಸರಿ, ದೊಡ್ಡ ಮೊಟ್ಟೆಯಾದರೆ ಎಂಟು. ಹೊಟ್ಟೆಯಡಿ ಪೂರ್ತಿ ಮುಚ್ಚದಷ್ಟು ಇಟ್ಟರೆ ತಣ್ಣಗಾಗುವುದು ಅಂಚಿನಲ್ಲಿ ಉಳಿದದ್ದಷ್ಟೇ ಅಲ್ಲ. ಹೇಟೆ ಮೊಟ್ಟೆಗಳನ್ನು ಸದಾ ಜಾಗ ಬದಲಿಸುತ್ತಿರುವುದರಿಂದ ಸರದಿಯಲ್ಲಿ ಎಲ್ಲವೂ ತಣ್ಣಗಾಗುತ್ತವೆ. ಮೂರು ಮೊಟ್ಟೆಯ ಆಸೆಗೆ ಇಡೀ ಕಾವು ಕೆಡುವುದು ಹೀಗೆ.

ಗೂಡು ಮತ್ತು ಕೂರಿಸುವ ಹೊತ್ತು

ಬಿದಿರಿನ ಅಗಲ ಬುಟ್ಟಿ ಅಥವಾ ಹಳೆಯ ಮಂಕರಿ ಇದಕ್ಕೆ ತಕ್ಕದ್ದು. ತಳಕ್ಕೆ ಒಂದು ಪದರ ಜರಡಿ ಹಿಡಿದ ಮಣ್ಣು ಅಥವಾ ಮರಳು ಹಾಕಿ, ಅದರ ಮೇಲೆ ಒಲೆಯ ಬೂದಿ ಉದುರಿಸಿ, ಬೇವಿನ ಎಲೆ ಹರಡಿ, ಮೇಲೆ ಒಣ ಹುಲ್ಲನ್ನು ನಡುವೆ ತಗ್ಗು ಬರುವಂತೆ ಒತ್ತಬೇಕು. ಬೂದಿ ಮತ್ತು ಬೇವು ಕೋಳಿ ಹೇನು ಹತ್ತದಿರಲೆಂದು. ಹೇನಿನ ಕಾಟ ಹೆಚ್ಚಾದರೆ ಎಂಥ ನಿಷ್ಠೆಯ ಹೇಟೆಯೂ ನಡುವೆಯೇ ಗೂಡು ಬಿಡುತ್ತದೆ, ಹಾಗಾಗಿ ಕೂರಿಸುವ ಮೊದಲು ಅದರ ರೆಕ್ಕೆಯ ಕೆಳಗೂ ಬಾಲದ ಬುಡದಲ್ಲೂ ಪುಕ್ಕ ಬಿಡಿಸಿ ನೋಡಿ, ಹೇನಿದ್ದರೆ ಬೂದಿ ತಿಕ್ಕಬೇಕು. ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕೆಲವು ಮನೆಗಳಲ್ಲಿ ಗೂಡಿನಲ್ಲಿ ಇದ್ದಿಲು ಚೂರು, ಕಬ್ಬಿಣದ ಮೊಳೆ ಇಡುತ್ತಾರೆ. ಹಿರಿಯರ ಸಮಾಧಾನಕ್ಕೆ ಇಟ್ಟರೆ ಅದರಿಂದ ಕೇಡೇನಿಲ್ಲ. ಬುಟ್ಟಿಯನ್ನು ಅರೆಗತ್ತಲೆಯ, ಗಾಳಿಯಾಡುವ, ನಾಯಿ ಮತ್ತು ಮಕ್ಕಳು ಸುಳಿಯದ ಮೂಲೆಯಲ್ಲಿಡಬೇಕು. ಹೆಗ್ಗಣ, ಹಾವುಗಳ ಜಾಡಿದ್ದರೆ ಕಬ್ಬಿಣದ ಜಾಲರಿ ಬೇಕೇ ಬೇಕು.

ಹೇಟೆಯನ್ನು ಹೊಸ ಗೂಡಿಗೆ ಒಯ್ಯುವುದು ರಾತ್ರಿಯೇ ಆಗಬೇಕು. ಕತ್ತಲಲ್ಲಿ ಎತ್ತಿ, ಮೊಟ್ಟೆಗಳ ಮೇಲೆ ನಿಧಾನವಾಗಿ ಇಳಿಸಿದರೆ ಬೆಳಗಾಗುವಷ್ಟರಲ್ಲಿ ಅದು ಜಾಗಕ್ಕೆ ಒಗ್ಗಿಕೊಂಡಿರುತ್ತದೆ. ಎಲ್ಲ ಮೊಟ್ಟೆಗಳನ್ನೂ ಒಂದೇ ಸಲ ಇಟ್ಟು, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಬೇಕು. ನಡುವೆ ಬೇರೆ ಹೇಟೆ ಬಂದು ಮೊಟ್ಟೆ ಇಡದಂತೆ ನೋಡಿಕೊಳ್ಳಬೇಕು. ಮೊದಲ ಮರಿಗಳು ಎದ್ದೊಡನೆ ತಾಯಿ ಅವುಗಳ ಜೊತೆ ಹೊರಟು, ತಡವಾಗಿ ಸೇರಿದ ಮೊಟ್ಟೆಗಳು ಒಳಗೇ ಸಾಯುತ್ತವೆ.

ಇಪ್ಪತ್ತೊಂದು ದಿನ

ಕೋಳಿಮೊಟ್ಟೆಗೆ 21 ದಿನ. ಹೇಟೆಯ ಅಡಿಯಲ್ಲಿ ಬಾತಿನ ಮೊಟ್ಟೆ ಇಟ್ಟರೆ 28 ದಿನ. ಈ ಅವಧಿಯಲ್ಲಿ ಹೇಟೆ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ಕಾಳು ತಿಂದು, ನೀರು ಕುಡಿದು, ಗಬ್ಬು ನಾತದ ದೊಡ್ಡ ಹಿಕ್ಕೆ ಹಾಕಿ, ಮಣ್ಣಿನಲ್ಲಿ ಹೊರಳಾಡಿ ಮರಳುತ್ತದೆ. ಇಷ್ಟು ಹೊತ್ತು ಮೊಟ್ಟೆಗೆ ಗಾಳಿಯಾಡುವುದರಿಂದ ತೊಂದರೆಯಿಲ್ಲ. ಸ್ವತಃ ಏಳದ ಹೇಟೆಯನ್ನು ಮಾತ್ರ ದಿನಕ್ಕೊಮ್ಮೆ ಎತ್ತಿ ಹೊರಬಿಡಬೇಕು. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿಕೊಂಡಿಲ್ಲವೆಂದು ಕೈಯಿಂದ ಸವರಿ ನೋಡಬೇಕು. ಆಹಾರಕ್ಕೆ ಜೋಳ, ರಾಗಿ, ಮೆಕ್ಕೆಜೋಳದ ನುಚ್ಚು ಸಾಕು, ಹಸಿ ಸೊಪ್ಪು ಹೆಚ್ಚು ಬೇಡ.

ಏಳನೆಯ ರಾತ್ರಿ ಮೊಟ್ಟೆ ಪರೀಕ್ಷಿಸಬೇಕು. ರಟ್ಟಿನಲ್ಲಿ ರೂಪಾಯಿ ನಾಣ್ಯದಗಲದ ತೂತು ಮಾಡಿ, ಹಿಂದಿನಿಂದ ಟಾರ್ಚ್ ಬಿಟ್ಟು, ಮೊಟ್ಟೆಯ ದಪ್ಪ ತುದಿಯನ್ನು ತೂತಿಗೆ ಆನಿಸಿದರೆ ಒಳಗಿನದೆಲ್ಲ ಕಾಣುತ್ತದೆ. ಜೀವ ಹಿಡಿದ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಅದರ ಸುತ್ತ ಜೇಡರ ಬಲೆಯಂತೆ ಹರಡಿದ ಕೆಂಪು ನರಗಳೂ ಇರುತ್ತವೆ, ಒಮ್ಮೊಮ್ಮೆ ಆ ಚುಕ್ಕೆ ಅಲುಗುವುದನ್ನೂ ನೋಡಬಹುದು. ಒಳಗೆಲ್ಲ ತಿಳಿಯಾಗಿ ಹಳದಿಯ ನೆರಳಷ್ಟೇ ಕಂಡರೆ ಅದು ಬೀಜ ಕಟ್ಟದ ಮೊಟ್ಟೆ. ನರಗಳಿಲ್ಲದೆ ಕೆಂಪು ಉಂಗುರ ಮಾತ್ರ ಕಂಡರೆ ಭ್ರೂಣ ಸತ್ತಿದೆ. ಇವೆರಡನ್ನೂ ತೆಗೆಯಬೇಕು, ಕೊಳೆತು ಒಡೆದರೆ ಉಳಿದವನ್ನೂ ಕೆಡಿಸುತ್ತವೆ. ಹದಿನಾಲ್ಕನೆಯ ರಾತ್ರಿ ಮತ್ತೊಮ್ಮೆ ನೋಡಿದರೆ ಒಳ್ಳೆಯ ಮೊಟ್ಟೆ ಪೂರ್ತಿ ಕಪ್ಪಾಗಿ, ಮೇಲ್ತುದಿಯ ಗಾಳಿಗೂಡು ಮಾತ್ರ ಬೆಳ್ಳಗಿರುತ್ತದೆ.

ಹದಿನೆಂಟನೆಯ ದಿನದಿಂದ ಮುಟ್ಟುವಂತಿಲ್ಲ. ಮರಿ ತಲೆ ತಿರುಗಿಸಿಕೊಂಡು ಗಾಳಿಗೂಡಿನ ಕಡೆ ಕೊಕ್ಕು ತರುವ ಸಮಯ ಅದು. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಪೂರ್ತಿ ಹೊರಬರಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಒಳಗಿನ ರಕ್ತನಾಳಗಳು ಒಣಗಿ, ಉಳಿದ ಹಳದಿ ಮರಿಯ ಹೊಟ್ಟೆ ಸೇರುತ್ತಿರುತ್ತದೆ. ಮರಿ ಕಷ್ಟಪಡುತ್ತಿದೆ ಎಂದು ಮರುಗಿ ಚಿಪ್ಪು ಸುಲಿದರೆ ರಕ್ತ ಸುರಿದು ಸಾಯುತ್ತದೆ. ಕರುಣೆಯಿಂದಲೇ ಆಗುವ ಈ ಹಾನಿಯನ್ನು ಮಕ್ಕಳಿಗೆ ಮೊದಲೇ ವಿವರಿಸಿ ಹೇಳುವುದು ಒಳ್ಳೆಯದು.

ಮರಿಗಳ ಮೊದಲ ವಾರಗಳು

ಹೊಟ್ಟೆ ಸೇರಿದ ಹಳದಿಯ ಬಲದಿಂದ ಮರಿ ಎರಡು ದಿನ ಆಹಾರವಿಲ್ಲದೆ ಇರಬಲ್ಲದು. ಎಲ್ಲ ಮರಿಗಳೂ ಒಣಗಿ ತಾಯಿಯ ಪುಕ್ಕದಿಂದ ಇಣುಕುವವರೆಗೆ ಅವಸರ ಬೇಡ. ಆಮೇಲೆ ನೀರಿಡುವಾಗ ಆಳವಿಲ್ಲದ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿಡಬೇಕು, ಇಲ್ಲವಾದರೆ ಮರಿ ನೆನೆದು ಚಳಿಗೆ ಸಾಯುತ್ತದೆ. ಅಕ್ಕಿ ನುಚ್ಚು, ರಾಗಿ ಮಾತ್ರದಿಂದ ಮೈ ಹಿಡಿಯುವುದಿಲ್ಲ. ಮರಿಗಳ ಸಿದ್ಧ ಆಹಾರ ಸಿಗದಿದ್ದರೆ, ಮಡಕೆಯೊಳಗೆ ಒದ್ದೆ ಸಗಣಿ, ಹರಕು ಗೋಣಿ ತುಂಬಿ ಗೆದ್ದಲಿರುವ ನೆಲದ ಮೇಲೆ ಸಂಜೆ ಕವುಚಿಟ್ಟು, ಬೆಳಗ್ಗೆ ಬಿಸಿಲೇರುವ ಮೊದಲು ಎತ್ತಿದರೆ ಮರಿಗಳಿಗೆ ಬೇಕಾದಷ್ಟು ಗೆದ್ದಲು ಸಿಗುತ್ತದೆ. ಮೊದಲ ಹತ್ತು ದಿನ ಕಾಗೆ, ಹದ್ದು, ಮುಂಗುಸಿಯ ಕಣ್ಣು ತಪ್ಪಿಸಲು ತಾಯಿಮರಿಗಳನ್ನು ದೊಡ್ಡ ಮಂಕರಿಯಡಿ ಇಡುವುದು ಕ್ಷೇಮ.

ಲಸಿಕೆ ಬಿಡಬಾರದು. ಐದರಿಂದ ಏಳನೆಯ ದಿನದೊಳಗೆ ಕೊಕ್ಕರೆ ರೋಗದ ಲಸೋಟಾ ಅಥವಾ ಎಫ್ ಲಸಿಕೆಯ ಒಂದು ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಿಸಿ, ಎಂಟು ವಾರದ ಸುಮಾರಿಗೆ ಅದೇ ರೋಗದ ಆರ್‌2ಬಿ ಚುಚ್ಚುಮದ್ದು ಕೊಡಿಸಬೇಕು; ಕೋಳಿ ಸಿಡುಬಿನ ಲಸಿಕೆಯ ದಿನವನ್ನು ಪಶುವೈದ್ಯರಲ್ಲಿ ಕೇಳಿ ನಿಗದಿ ಮಾಡಿಕೊಳ್ಳಬೇಕು. ಒಂದು ಸೀಸೆಯಲ್ಲಿ ನೂರಾರು ಹನಿ ಇರುವುದರಿಂದಲೂ, ಕಲಸಿದ ಮೇಲೆ ಹೆಚ್ಚು ಹೊತ್ತು ಉಳಿಯದಿರುವುದರಿಂದಲೂ, ಬೀದಿಯ ನಾಲ್ಕೈದು ಮನೆಯವರು ಒಂದೇ ವಾರ ಹೇಟೆ ಕೂರಿಸಿ, ಐಸ್ ಇಟ್ಟ ಫ್ಲಾಸ್ಕಿನಲ್ಲಿ ಲಸಿಕೆ ತಂದು ಒಟ್ಟಿಗೆ ಹಾಕಿಸಿದರೆ ಖರ್ಚೂ ಉಳಿಯುತ್ತದೆ, ಬೀದಿಯ ಯಾವ ಮರಿಯೂ ಲಸಿಕೆ ತಪ್ಪಿಸಿಕೊಳ್ಳುವುದಿಲ್ಲ.