ಘಮದ ಕೆಳಗಿನ ಚಹಾ: ಸಿಹಿತಿನಿಸಿನ ಪರಿಮಳದ ಬ್ಲ್ಯಾಕ್ ಟೀ ರುಚಿ ನೋಡುವುದು ಹೇಗೆ?

ವೆನಿಲಾ, ಕ್ಯಾರಮೆಲ್, ಚಾಕೊಲೇಟ್, ತಿರಮಿಸು, ಬಾದಾಮಿ ಬಿಸ್ಕತ್ತು. ಸಿಹಿತಿನಿಸುಗಳ ಹೆಸರು ಹೊತ್ತ ಬ್ಲ್ಯಾಕ್ ಟೀ ಡಬ್ಬಿಗಳು ಈಗ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸುಲಭವಾಗಿ ಸಿಗುತ್ತವೆ. ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಬಡಿಯುವ ಘಮಕ್ಕೆ ಮನಸೋತು ಕೊಂಡವರು, ಮನೆಯಲ್ಲಿ ಒಂದು ಗುಟುಕು ಕುಡಿದು ‘ವಾಸನೆಯೇನೋ ಇದೆ, ರುಚಿಯೇ ಇಲ್ಲವಲ್ಲ’ ಎನ್ನುವುದು ಸಾಮಾನ್ಯ. ಘಮ ಎಲೆಯ ಮೇಲೆ ಸಿಂಪಡಿಸಿದ್ದು. ಬಾಯಿ ತುಂಬುವ ಕೆಲಸ ಅದರ ಕೆಳಗಿರುವ ಎಲೆಯದು. ಒಳ್ಳೆಯ ಡಬ್ಬಿಯಲ್ಲಿ ಇವೆರಡೂ ಹೊಂದಿಕೊಂಡಿರುತ್ತವೆ, ಸಾಧಾರಣ ಡಬ್ಬಿಯಲ್ಲಿ ಘಮ ಎಲೆಯ ಬಡತನವನ್ನು ಮುಚ್ಚುತ್ತದೆ. ಯಾವುದು ಯಾವುದೆಂದು ಮನೆಯಲ್ಲೇ ಪತ್ತೆ ಹಚ್ಚಬಹುದು. ಒಂದು ಗಂಟೆ ಬಿಡುವು, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಮತ್ತು ಒಂದೇ ಅಳತೆಯ ಕೆಲವು ಬಿಳಿ ಬಟ್ಟಲುಗಳಿದ್ದರೆ ಸಾಕು.

ಮೊದಲು ಡಬ್ಬಿಯನ್ನು ಓದಿ

ಸಿದ್ಧವಾದ ಕಪ್ಪು ಚಹಾವನ್ನು ದೊಡ್ಡ ಡ್ರಮ್ಮಿನಲ್ಲಿ ಮೆಲ್ಲಗೆ ಉರುಳಿಸುತ್ತಾ ಅದರ ಮೇಲೆ ಸುವಾಸನೆಯ ದ್ರವವನ್ನು ಸಿಂಪಡಿಸುತ್ತಾರೆ. ಆಮೇಲೆ ಕೋಕೋ ಬೀಜದ ಚೂರು, ಬಾದಾಮಿ, ಕೊಬ್ಬರಿ, ಚಕ್ಕೆ, ಹೂವಿನ ದಳ ಬೆರೆಸುತ್ತಾರೆ. ಹಳದಿ, ನೀಲಿ ದಳಗಳು ಬಹುಮಟ್ಟಿಗೆ ಕಣ್ಣಿಗೆ ಹಬ್ಬ, ನಾಲಿಗೆಗೆ ಅವುಗಳಿಂದ ಸಿಗುವುದು ಅತ್ಯಲ್ಪ. ಪದಾರ್ಥಗಳ ಪಟ್ಟಿಯಲ್ಲಿ ಸುವಾಸನೆ ನೈಸರ್ಗಿಕವೋ ಕೃತಕವೋ ಎಂಬುದನ್ನು ನೋಡಿಕೊಳ್ಳಿ, ಆದರೆ ಅದೊಂದರಿಂದಲೇ ತೀರ್ಪು ಕೊಡಬೇಡಿ. ವೆನಿಲಾ ಕಾಯಿಯ ಘಮಕ್ಕೆ ಮುಖ್ಯ ಕಾರಣವಾದ ವೆನಿಲಿನ್, ಕಾಯಿಯಿಂದ ಬಂದರೂ ಪ್ರಯೋಗಾಲಯದಿಂದ ಬಂದರೂ ಅದೇ ಅಣು. ಕಾಯಿಯಲ್ಲಿ ಅದರ ಜೊತೆಗೆ ಇನ್ನೂ ನೂರಾರು ಸಂಯುಕ್ತಗಳಿರುವುದರಿಂದ ಘಮಕ್ಕೆ ಆಳ ಹೆಚ್ಚು, ಅಷ್ಟೇ.

ಪಟ್ಟಿಯಲ್ಲಿ ಹುಡುಕಬೇಕಾದ ಇನ್ನೂ ಮೂರು ಸಂಗತಿಗಳಿವೆ. ಜ್ಯೇಷ್ಠಮಧು ಅಥವಾ ಸ್ಟೀವಿಯಾ ಎಲೆ ಇದ್ದರೆ ಚಹಾ ಸಕ್ಕರೆಯಿಲ್ಲದೆಯೇ ಸಿಹಿಯಾಗುತ್ತದೆ. ರಕ್ತದೊತ್ತಡ ಹೆಚ್ಚಿರುವವರು ಜ್ಯೇಷ್ಠಮಧುವನ್ನು ದಿನನಿತ್ಯ ಸೇವಿಸುವುದು ಒಳ್ಳೆಯದಲ್ಲ. ಸ್ಟ್ರಾಬೆರಿ ಚೀಸ್‌ಕೇಕ್‌ನಂಥ ಹೆಸರಿನವುಗಳಲ್ಲಿ ಪುಂಡಿ ಜಾತಿಯ ಹುಳಿ ದಾಸವಾಳ ಇರುತ್ತದೆ. ಅದಕ್ಕೆ ಹಾಲು ಹಾಕಿದರೆ ಒಡೆಯಬಹುದು. ಇನ್ನು ಬಾದಾಮಿ, ಹೇಝಲ್‌ನಟ್ ಚೂರುಗಳಿದ್ದರೆ ಕುಡಿಯಲು ಬಂದವರಿಗೆ ಮೊದಲೇ ತಿಳಿಸಿ. ಬೀಜಗಳ ಅಲರ್ಜಿ ಇರುವವರಿಗೆ ಅದರ ಕಷಾಯವೂ ಅಪಾಯ.

ಅಡಿಪಾಯದ ಚಹಾ ಯಾವುದೆಂದು ಬರೆದಿದ್ದರೆ ಅದು ತಯಾರಕರು ಮುಚ್ಚುಮರೆಯಿಲ್ಲದೆ ವ್ಯವಹರಿಸುತ್ತಿದ್ದಾರೆ ಎಂಬುದರ ಒಳ್ಳೆಯ ಸೂಚನೆ. ಅಸ್ಸಾಂ ಎಲೆಗೆ ಮಾಲ್ಟ್‌ನಂಥ ದಪ್ಪ ರುಚಿಯಿದೆ, ಕ್ಯಾರಮೆಲ್ ಮತ್ತು ಟಾಫಿ ಅದರ ಮೇಲೆ ಚೆನ್ನಾಗಿ ಕೂರುತ್ತವೆ. ಚೀನಾದ ಕೀಮುನ್‌ಗೆ ತನ್ನದೇ ಆದ ಕೋಕೋ ಛಾಯೆಯಿರುವುದರಿಂದ ಚಾಕೊಲೇಟಿಗೆ ಅದು ಹೇಳಿ ಮಾಡಿಸಿದ ಜೋಡಿ. ನೀಲಗಿರಿ ಮತ್ತು ಶ್ರೀಲಂಕಾದ ಎತ್ತರದ ತೋಟಗಳ ಎಲೆ ಹಗುರ, ಚುರುಕು. ಅದಕ್ಕೆ ವೆನಿಲಾ, ಕಿತ್ತಳೆ ಒಪ್ಪುತ್ತವೆ. ಕೊಡಗು, ಚಿಕ್ಕಮಗಳೂರಿನ ತೋಟಗಳ ಸಾದಾ ಚಹಾ ಮನೆಯಲ್ಲಿದ್ದರೆ ಅದನ್ನೂ ಒಂದು ಬಟ್ಟಲಿಗೆ ಹಾಕಿ. ಘಮವಿಲ್ಲದ ಒಂದು ಚಹಾ ಪಕ್ಕದಲ್ಲಿ ಇರಲೇಬೇಕು, ಹೋಲಿಕೆಗೆ ಬೇರೆ ದಾರಿಯಿಲ್ಲ.

ನೀರು ಮತ್ತು ಅಳತೆ

ಚಹಾ ರುಚಿ ನೋಡಲು ಅಂತರರಾಷ್ಟ್ರೀಯ ಮಾನದಂಡವೇ ಒಂದಿದೆ: ಐಎಸ್‌ಒ 3103. 1980ರಲ್ಲಿ ಮೊದಲು ಪ್ರಕಟವಾದ ಇದರ ಲೆಕ್ಕ 100 ಮಿ.ಲೀ. ನೀರಿಗೆ 2 ಗ್ರಾಂ ಎಲೆ, ಕುದಿಯುವ ನೀರು, 6 ನಿಮಿಷ. ಮನೆಯ ಬಟ್ಟಲಿಗೆ 150 ಮಿ.ಲೀ. ನೀರು, 3 ಗ್ರಾಂ ಎಲೆ ಎಂದಿಟ್ಟುಕೊಳ್ಳಿ. ಚಮಚದ ಅಳತೆ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಸಿಟಿಸಿ, ಅಂದರೆ ಯಂತ್ರದಲ್ಲಿ ಹಿಂಡಿ ಸಣ್ಣ ಹರಳಾಗಿಸಿದ ಚಹಾದ ಒಂದು ಟೀ ಚಮಚ 3 ಗ್ರಾಂ ಹತ್ತಿರ ತೂಗಿದರೆ, ಕೊಬ್ಬರಿ ಚೂರಿರುವ ಇಡೀ ಎಲೆಯದು 2 ಗ್ರಾಂ ಕೂಡ ದಾಟದೆ ಹೋಗಬಹುದು.

ತೂಕದಲ್ಲೂ ಒಂದು ಮೋಸ ಅಡಗಿದೆ. 3 ಗ್ರಾಂ ಮಿಶ್ರಣವನ್ನು ಬಿಳಿ ತಟ್ಟೆಯಲ್ಲಿ ಹರಡಿ, ಕೋಕೋ ಚೂರು, ಬಾದಾಮಿ, ದಳಗಳನ್ನು ಒಂದೊಂದಾಗಿ ಹೆಕ್ಕಿ ಬದಿಗಿಡಿ. ಉಳಿದ ಎಲೆಯನ್ನಷ್ಟೇ ಮತ್ತೆ ತೂಗಿ. 2.7 ಗ್ರಾಂ ಬಂದರೆ ಚಿಂತೆಯಿಲ್ಲ. 2 ಗ್ರಾಂ ಆಸುಪಾಸು ಬಂದರೆ ನೀವು ದುಡ್ಡು ಕೊಟ್ಟದ್ದರಲ್ಲಿ ಮೂರನೇ ಒಂದು ಭಾಗ ಅಲಂಕಾರ, ಚಹಾ ನೀರಾಗಿದೆ ಎನಿಸಲು ಅದೇ ಕಾರಣ. ಅಂಥ ಮಿಶ್ರಣವನ್ನು ಕುಡಿಯುವಾಗ 4 ಗ್ರಾಂ ಹಾಕಬೇಕಾಗುತ್ತದೆ. ಭಾರದ ಚೂರುಗಳು ಡಬ್ಬಿಯ ತಳ ಸೇರುವುದರಿಂದ, ತೂಗುವ ಮೊದಲು ಡಬ್ಬಿಯನ್ನು ಅಡ್ಡ ಮಲಗಿಸಿ ನಿಧಾನಕ್ಕೆ ನಾಲ್ಕಾರು ಸಲ ಉರುಳಿಸಿ. ಕುಲುಕಿದರೆ ಎಲೆ ಪುಡಿಯಾಗಿ ಒಗರು ಹೆಚ್ಚುತ್ತದೆ.

ಬೋರ್‌ವೆಲ್ ನೀರು ಗಡಸಾಗಿದ್ದರೆ ಚಹಾದ ಮೇಲೆ ಕಂದು ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ, ವೆನಿಲಾದಂಥ ಮೃದು ಘಮ ಎದ್ದುಕಾಣುವುದಿಲ್ಲ. ಲವಣವೇ ಇಲ್ಲದ ಆರ್‌ಒ ನೀರಿನಲ್ಲಿ ಚಹಾ ಸಪ್ಪೆ, ಇಲ್ಲವೇ ವಿಪರೀತ ಚೂಪು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ, ಲೀಟರಿಗೆ ಮಿಲಿಗ್ರಾಂ ಲೆಕ್ಕ) 50ರಿಂದ 150ರೊಳಗಿನ ನೀರು ಒಳ್ಳೆಯದು. ಎರಡು ಬಗೆಯ ನೀರನ್ನು ಬೆರೆಸಿ ಅಲ್ಲಿಗೆ ತರಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿ ಸೆಲ್ಸಿಯಸ್ ಹತ್ತಿರ. ಹಾಗಾಗಿ ನೀರು ಗುಳುಗುಳು ಕುದಿಯುತ್ತಿರುವಾಗಲೇ ಸುರಿಯಿರಿ, ಬಟ್ಟಲನ್ನು ಬಿಸಿನೀರಿನಿಂದ ಮೊದಲೇ ಬೆಚ್ಚಗಾಗಿಸಿ. ತಣ್ಣನೆಯ ಪಿಂಗಾಣಿ ಬಟ್ಟಲು ನೀರಿನ ಬಿಸಿಯನ್ನು ಗಣನೀಯವಾಗಿ ಕಸಿಯುತ್ತದೆ.

ಒಮ್ಮೆ ಕೂತಾಗ ಐದು ಚಹಾ ಮೀರಬಾರದು. ಸಾದಾ ಚಹಾದಿಂದ ಶುರು ಮಾಡಿ ವೆನಿಲಾ, ಕ್ಯಾರಮೆಲ್, ಬೀಜಗಳ ಘಮ, ಚಾಕೊಲೇಟ್ ಎಂದು ಮುಂದುವರಿಯಿರಿ. ಚಕ್ಕೆ, ಪುದೀನ ಇರುವುದು ಕಟ್ಟಕಡೆಗೆ. ಅವು ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತವೆ. ಅಡುಗೆಮನೆಯಲ್ಲಿ ಒಗ್ಗರಣೆ, ಪಕ್ಕದಲ್ಲಿ ಊದುಬತ್ತಿ ಬೇಡ.

ಮೂಗಿನ ಕೆಲಸ

ಒಣ ಎಲೆಯನ್ನು ಬೆಚ್ಚಗಿನ ಖಾಲಿ ಬಟ್ಟಲಿಗೆ ಹಾಕಿ, ಅರ್ಧ ನಿಮಿಷ ಮುಚ್ಚಿ, ತೆರೆದು ಮೂಸಿ. ಚಿಕ್ಕಚಿಕ್ಕ ಉಸಿರು ಸಾಕು. ದೀರ್ಘವಾಗಿ ಎಳೆದರೆ ಮೂಗು ಆ ಘಮಕ್ಕೆ ಬೇಗ ಒಗ್ಗಿಹೋಗುತ್ತದೆ. ನಡುವೆ ಮೂಗಿಗೆ ವಿಶ್ರಾಂತಿ ಬೇಕಾದರೆ ಕಿಟಕಿಯ ಬಳಿ ನಿಂತು ಬನ್ನಿ. ಕಾಫಿ ಬೀಜ ಮೂಸುವ ರೂಢಿಯಿದೆ, ಆದರೆ ಅದು ಇನ್ನೊಂದು ಗಾಢ ವಾಸನೆಯೇ ಹೊರತು ಪರಿಹಾರವಲ್ಲ.

ಡಬ್ಬಿಯ ಹೆಸರಿಗೂ ನಮ್ಮ ಮನಸ್ಸಿನಲ್ಲಿರುವ ತಿನಿಸಿಗೂ ವ್ಯತ್ಯಾಸ ಬರುವುದು ಈ ಹಂತದಲ್ಲಿ. ಬಾದಾಮಿ ಎಂದಾಕ್ಷಣ ಬಾದಾಮಿ ಹಾಲು ನೆನೆಯುವ ನಮಗೆ ಯುರೋಪಿನ ‘ಆಲ್ಮಂಡ್’ ಚಹಾ ಅಪರಿಚಿತ ಎನಿಸುತ್ತದೆ. ಅದರಲ್ಲಿರುವುದು ಬೆನ್ಜಾಲ್ಡಿಹೈಡ್, ಅಂದರೆ ಕಹಿಬಾದಾಮಿಯ ಘಮ. ಹುರಿದ ಬಾದಾಮಿಯನ್ನೋ ಕೇಸರಿ, ಏಲಕ್ಕಿಯನ್ನೋ ಅಲ್ಲಿ ಹುಡುಕಿದರೆ ನಿರಾಸೆಯೇ. ಮೇಪಲ್ ಪಾಕದ ಮತ್ತು ಕೆಲವು ಕ್ಯಾರಮೆಲ್ ಚಹಾಗಳಲ್ಲಿ ಮೆಂತ್ಯದ ವಾಸನೆ ಸುಳಿದರೆ ಎಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಸೊಟೊಲಾನ್ ಎಂಬ ಒಂದೇ ಸಂಯುಕ್ತ ಮೆಂತ್ಯದಲ್ಲೂ ಮೇಪಲ್ ಪಾಕದಲ್ಲೂ ಇದೆ. ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್ ಮಾತ್ರ ಸ್ವಲ್ಪ ಹೆಚ್ಚಾದರೂ ಪಾಪ್‌ಕಾರ್ನ್ ನೆನಪಿಗೆ ತರುತ್ತದೆ. ಕ್ರೆಂ ಬ್ರೂಲೆ ಹೆಸರಿನ ಚಹಾದಲ್ಲಿ ಮೊಟ್ಟೆ–ಕೆನೆಯ ಕಸ್ಟರ್ಡ್‌ನ ಜೊತೆಗೆ ಮೇಲೆ ಸುಟ್ಟ ಸಕ್ಕರೆಯ ತುಸು ಕಹಿಯೂ ಬರಬೇಕು. ಆ ಕಹಿ ಇಲ್ಲದಿದ್ದರೆ ಅದು ವೆನಿಲಾ ಚಹಾವೇ.

ಘಮದ ಗುರುತು ಸಿಗದಿದ್ದರೆ ನಾಲ್ಕು ಪುಟ್ಟ ಬಟ್ಟಲುಗಳಲ್ಲಿ ವೆನಿಲಾ ಎಸೆನ್ಸಿನ ಒಂದು ಹನಿ, ಬಾಣಲೆಯಲ್ಲಿ ಕಂದಾಗಿಸಿದ ಸಕ್ಕರೆ, ಸಿಹಿಯಿಲ್ಲದ ಕೋಕೋ ಪುಡಿ, ಆಗಷ್ಟೇ ತುರಿದ ಕೊಬ್ಬರಿ ಇಟ್ಟುಕೊಂಡು ಒಂದೊಂದನ್ನೂ ಚಹಾದ ಜೊತೆ ಮೂಸಿ ನೋಡಿ. ಮೂಗಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ.

ನೆನೆಸುವುದು, ಹೀರುವುದು

ಒಂದೇ ಚಹಾವನ್ನು ಎರಡು ಬಟ್ಟಲಲ್ಲಿ ಮಾಡಿ, ಒಂದು 3 ನಿಮಿಷಕ್ಕೆ, ಇನ್ನೊಂದು 6 ನಿಮಿಷಕ್ಕೆ. 3 ನಿಮಿಷದ್ದು ಕುಡಿಯಲು, 6 ನಿಮಿಷದ್ದು ತಪ್ಪು ಹುಡುಕಲು. ನೀರು ಹಾಕಿದ ಕೂಡಲೇ ತಟ್ಟೆ ಮುಚ್ಚಿ. ಹಬೆಯೊಡನೆ ಹೋಗುವುದು ಮೊದಲು ಘಮವೇ. ಪಾತ್ರೆಯಲ್ಲಿ ಹಾಲು, ಸಕ್ಕರೆ ಸೇರಿಸಿ ಕುದಿಸುವ ನಮ್ಮ ಪದ್ಧತಿ ಇಂಥ ಚಹಾಕ್ಕೆ ಒಗ್ಗದಿರುವುದೂ ಇದಕ್ಕೇ: ಮನೆ ತುಂಬ ವೆನಿಲಾ, ಲೋಟದಲ್ಲಿ ಬರೀ ಚಹಾ.

ಸೋಸಿದ ಮೇಲೆ ಚರಟವನ್ನು ಚೆಲ್ಲಬೇಡಿ. ಬೆಂದ ಎಲೆಯನ್ನು ಮುಚ್ಚಳದ ಮೇಲೆ ಹರಡಿ ಮೂಸಿದರೆ ಸಿಂಪಡಿಸಿದ ಘಮ ಬಹುಪಾಲು ನೀರಿಗೆ ಇಳಿದು, ಎಲೆಯ ಸ್ವಂತ ವಾಸನೆ ಸಿಗುತ್ತದೆ. ತಾಮ್ರದ ಬಣ್ಣ, ಮಾಲ್ಟ್ ಅಥವಾ ಹಣ್ಣಿನ ಛಾಯೆ ಇದ್ದರೆ ಅಡಿಪಾಯ ಗಟ್ಟಿ. ಕಪ್ಪಗೆ, ಒದ್ದೆ ರಟ್ಟಿನ ವಾಸನೆ ಬಂದರೆ ಎಲೆ ಹಳೆಯದು, ಘಮ ಅದನ್ನು ಮುಚ್ಚಿತ್ತು.

ಈಗ ಗುಟುಕು. ಸುಡದಷ್ಟು ಆರಿದ ಮೇಲೆ ಚಮಚದಿಂದ ಸೊರ್ರನೆ ಸದ್ದು ಮಾಡಿ ಹೀರಿ. ಸಂಕೋಚ ಬೇಡ, ಗಾಳಿಯ ಜೊತೆ ಸೇರಿದ ಹನಿಗಳು ಗಂಟಲ ಹಿಂದಿನಿಂದ ಮೂಗಿಗೆ ಘಮ ಮುಟ್ಟಿಸುತ್ತವೆ. ನಂತರ ಮೂಗನ್ನು ಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ಗುಟುಕು ಬಾಯಿಗೆ ತೆಗೆದುಕೊಂಡು ಐದು ಸೆಕೆಂಡು ಇರಿ. ಕ್ಯಾರಮೆಲ್, ವೆನಿಲಾ ಎಲ್ಲವೂ ಮಾಯವಾಗಿ ಉಳಿಯುವುದು ಕಹಿ, ಒಗರು, ಚಹಾದ ದಪ್ಪ ಮಾತ್ರ. ಇದೇ ಅಡಿಪಾಯದ ನಿಜ ರೂಪ. ಮೂಗು ಬಿಟ್ಟ ಕ್ಷಣ ಘಮ ಒಮ್ಮೆಗೇ ನುಗ್ಗುತ್ತದೆ. ಮೂಗು ಹಿಡಿದಾಗಲೂ ಸಿಹಿ ಇದ್ದರೆ ಸಿಹಿಕಾರಕ ಸೇರಿದೆ ಎಂದು ತಿಳಿಯಿರಿ. ಪರಿಮಳ ಎಷ್ಟೇ ಇದ್ದರೂ ಅದರಿಂದ ನಾಲಿಗೆಗೆ ಸಿಹಿ ತಾಗುವುದಿಲ್ಲ. ವೆನಿಲಾ ಮೂಸಿದಾಗ ಸಿಹಿ ಎನಿಸುವುದು, ನಾವು ಅದನ್ನು ಸದಾ ಸಕ್ಕರೆಯೊಡನೆ ತಿಂದ ಅಭ್ಯಾಸದಿಂದ.

ಒಂದು ಚಹಾದಿಂದ ಇನ್ನೊಂದಕ್ಕೆ ಹೋಗುವ ಮೊದಲು ಉಗುರುಬೆಚ್ಚಗಿನ ನೀರು, ಉಪ್ಪಿಲ್ಲದ ನಾಲ್ಕು ಕಾಳು ಮಂಡಕ್ಕಿ. ಬಿಸ್ಕತ್ತು ಬೇಡ, ಅದರಲ್ಲೂ ವೆನಿಲಾ ಇರುತ್ತದೆ.

ಮುಖ್ಯವಾದ ಪರೀಕ್ಷೆ ಆರಿದ ಚಹಾದ್ದು. 20 ನಿಮಿಷ ಬಿಟ್ಟು ಮತ್ತೆ ಕುಡಿಯಿರಿ. ಬಿಸಿ ಮುಚ್ಚಿಟ್ಟದ್ದನ್ನು ತಂಪು ತೋರಿಸುತ್ತದೆ. ಒಳ್ಳೆಯ ಮಿಶ್ರಣದಲ್ಲಿ ಘಮ ಮೆತ್ತಗಾಗಿ ಚಹಾ ಮುಂದೆ ಬರುತ್ತದೆ. ಕಳಪೆಯದರಲ್ಲಿ ಔಷಧಿ ಸಿರಪ್ಪಿನಂಥ ಚೂಪು ರುಚಿ ನಾಲಿಗೆಯ ಹಿಂಭಾಗದಲ್ಲಿ ಉಳಿಯುತ್ತದೆ. ಆರಿದಾಗ ಚಹಾ ಕೊಂಚ ಮಬ್ಬಾದರೆ ಗಾಬರಿ ಬೇಡ. ಕೆಫೀನ್ ಮತ್ತು ಥಿಯಾಫ್ಲೇವಿನ್‌ನಂಥ ಪಾಲಿಫಿನಾಲ್‌ಗಳು (ಚಹಾಕ್ಕೆ ಬಣ್ಣ, ಒಗರು ಕೊಡುವ ಸಂಯುಕ್ತಗಳು) ಒಂದಕ್ಕೊಂದು ಅಂಟಿಕೊಂಡು ಹಾಗಾಗುತ್ತದೆ, ಅಸ್ಸಾಮಿನ ಗಟ್ಟಿ ಚಹಾಗಳಲ್ಲಿ ಇದು ಸಹಜ.

ಆದರೆ ಮೇಲೆ ತೇಲುವುದನ್ನು ಪರೀಕ್ಷಿಸಿ. ಚಾಕೊಲೇಟ್, ಕೊಬ್ಬರಿ ಚಹಾದಲ್ಲಿ ದುಂಡನೆಯ ಎಣ್ಣೆಹನಿಗಳು ಕಾಣುವುದು ಕೋಕೋ ಬೆಣ್ಣೆ ಅಥವಾ ಕೊಬ್ಬರಿಯ ಜಿಡ್ಡಿನಿಂದ, ಅದರಿಂದ ದೋಷವಿಲ್ಲ. ಚಮಚ ಆಡಿಸಿದಾಗ ಹಾಳೆಯಂತೆ ಒಡೆಯುವ ಕಂದು ಪೊರೆ ಗಡಸು ನೀರಿನದು. ಇನ್ನೊಂದು ಬಟ್ಟಲಿಗೆ ಮೊದಲೇ ನಿಂಬೆಯ ಎರಡು ಹನಿ ಹಾಕಿ ನೋಡಿ, ಅಲ್ಲಿ ಪೊರೆ ಕಟ್ಟುವುದಿಲ್ಲ.

ಹಾಲು ಮತ್ತು ಸಕ್ಕರೆ ಕೊನೆಗೆ

ಸಾದಾ ರುಚಿಯನ್ನು ಬರೆದುಕೊಂಡ ಮೇಲೆ 6 ನಿಮಿಷದ ಬಟ್ಟಲಿಗೆ ಅರ್ಧ ಟೀ ಚಮಚ, ಅಂದರೆ 2.5 ಮಿ.ಲೀ. ಹಾಲು ಹಾಕಿ. ಐಎಸ್‌ಒ ಪ್ರಕಾರ ಹಾಲನ್ನು ಆಮೇಲೆ ಹಾಕುವುದಾದರೆ ಚಹಾ 65ರಿಂದ 80 ಡಿಗ್ರಿಯೊಳಗೆ ಇರಬೇಕು, ಇನ್ನೂ ಬಿಸಿಯಿದ್ದರೆ ಹಾಲು ಕಮರುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಚಹಾದ ಪಾಲಿಫಿನಾಲ್‌ಗಳನ್ನು ಹಿಡಿದುಕೊಳ್ಳುವುದರಿಂದ ಒಗರು ಇಳಿಯುತ್ತದೆ. ಬಣ್ಣ ಹೊಳೆಯುವ ಕಿತ್ತಳೆಗೆಂಪಿಗೆ ತಿರುಗಿದರೆ ಎಲೆಯಲ್ಲಿ ಸತ್ವವಿದೆ, ಬೂದಿಬಣ್ಣಕ್ಕೆ ತಿರುಗಿದರೆ ಇಲ್ಲ. ಹಾಲಿನ ಜೊತೆ ಬೆಳೆಯುವುದು ಟಾಫಿ, ಚಾಕೊಲೇಟ್, ಹೇಝಲ್‌ನಟ್. ಹಗುರವಾದ ವೆನಿಲಾ–ಕಿತ್ತಳೆ ಮಿಶ್ರಣ ಹಾಲಿನಲ್ಲಿ ಕಳೆದುಹೋಗುತ್ತದೆ.

ಸಕ್ಕರೆಯ ವಿಷಯದಲ್ಲಿ ಮಡಿವಂತಿಕೆ ಅನಗತ್ಯ. 100 ಮಿ.ಲೀ.ಗೆ 1 ಗ್ರಾಂ, ಅಂದರೆ ಕಾಲು ಟೀ ಚಮಚ ಹಾಕಿದರೆ ಸಿಹಿ ಅಷ್ಟಾಗಿ ಗೊತ್ತಾಗದಿದ್ದರೂ ಕ್ಯಾರಮೆಲ್, ವೆನಿಲಾ ಅರಳುತ್ತವೆ, ಏಕೆಂದರೆ ಮೂಗು ಕಾಯುತ್ತಿದ್ದ ಸಿಹಿ ನಾಲಿಗೆಗೂ ತಲುಪಿತು. ಎಲ್ಲ ಬಟ್ಟಲಿಗೂ ಒಂದೇ ಅಳತೆ ಇರಲಿ.

ಮನೆಯಲ್ಲಿ ಹಾಲಿನ ಚಹಾ ಬೇಕೇಬೇಕು ಎನ್ನುವವರು 100 ಮಿ.ಲೀ. ಕುದಿವ ನೀರಿಗೆ 4 ಗ್ರಾಂ ಎಲೆ ಹಾಕಿ, ಮುಚ್ಚಿಟ್ಟು 4 ನಿಮಿಷ ಬಿಟ್ಟು ಡಿಕಾಕ್ಷನ್ ಇಳಿಸಿ, 50 ಮಿ.ಲೀ. ಬಿಸಿ ಹಾಲು ಬೆರೆಸಿ. ಒಲೆಯ ಮೇಲೆ ಮತ್ತೆ ಇಡಬೇಡಿ.

ಎರಡನೇ ಸಲ ನೀರು ಹಾಕಿ ಎಲೆ ನೆನೆಸಿದರೆ ಘಮ ಅರ್ಧಕ್ಕೂ ಕಡಿಮೆ ಉಳಿಯುತ್ತದೆ, ಚಹಾದ ರುಚಿಯೇನೋ ಬರುತ್ತದೆ. ಕೊಂಡದ್ದು ಘಮಕ್ಕಾಗಿ ಎಂದಾದರೆ ಇದು ಪ್ರಯೋಜನವಿಲ್ಲದ ಉಳಿತಾಯ.

ಇಟ್ಟುಕೊಳ್ಳುವುದು

ಚಹಾ ಎಲೆ ಸುತ್ತಲಿನ ವಾಸನೆಯನ್ನೆಲ್ಲ ಹೀರುತ್ತದೆ. ಚಕ್ಕೆ ಬೆರೆತ ಡಬ್ಬಿಯ ಪಕ್ಕದಲ್ಲಿ ಕಾಗದದ ಚೀಲದ ವೆನಿಲಾ ಇಟ್ಟರೆ ಕೆಲವೇ ದಿನಗಳಲ್ಲಿ ಎರಡೂ ಒಂದೇ ಆಗುತ್ತವೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ, ಒಂದಕ್ಕೆ ಒಂದೇ ಘಮ, ಒಲೆಯಿಂದ ದೂರ. ತೆರೆದ ಮೇಲೆ ಆರು ತಿಂಗಳೊಳಗೆ ಮುಗಿಸಿ. ಕೊಬ್ಬರಿ, ಬಾದಾಮಿ ಇರುವುದನ್ನು ಇನ್ನೂ ಬೇಗ, ಏಕೆಂದರೆ ಎಲೆಗಿಂತ ಮೊದಲು ಅವುಗಳ ಎಣ್ಣೆ ಕಮಟುತ್ತದೆ. ಪ್ಲಾಸ್ಟಿಕ್ ಮತ್ತು ಸಿಲಿಕೋನ್ ಜರಡಿಗಳು ಘಮವನ್ನು ಹಿಡಿದಿಟ್ಟುಕೊಳ್ಳುತ್ತವೆ, ಸ್ಟೀಲಿನದ್ದನ್ನೇ ಬಳಸಿ. ಪಿಂಗಾಣಿಯ ಕಂದು ಕಲೆಗೆ ಬಿಸಿನೀರಿನಲ್ಲಿ ಒಂದು ಚಮಚ ಅಡುಗೆ ಸೋಡಾ ಕದಡಿ ಅರ್ಧ ಗಂಟೆ ನೆನೆಸಿದರೆ ಸಾಕು. ಪಾತ್ರೆ ತೊಳೆಯುವ ಸುವಾಸನೆಯ ಸೋಪಿನ ಅವಶೇಷ ಉಳಿದರೆ ಮುಂದಿನ ಸಲದ ಮೊದಲ ಬಟ್ಟಲಿನಲ್ಲೇ ನಿಂಬೆಯ ವಾಸನೆ ಬರುತ್ತದೆ.