ಹಳೆ ರೈಲು ಹಳಿಗಳ ಜಾಡಿನಲ್ಲಿ ಗ್ರಾವೆಲ್ ಸೈಕಲ್: ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನನ್ನ ಅನುಭವ

ಇಂಗ್ಲೆಂಡಿನ ಗುಡ್ಡಗಾಡಿನ ರಾಷ್ಟ್ರೀಯ ಉದ್ಯಾನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಎಲ್ಲಕ್ಕಿಂತ ಎತ್ತರದ ಜಾಗ ಕಿಂಡರ್ ಸ್ಕೌಟ್. ಅದು ಬರೀ 636 ಮೀಟರ್. ಮುಳ್ಳಯ್ಯನಗಿರಿ ಹತ್ತಿದವರಿಗೆ ಇದೂ ಒಂದು ಗುಡ್ಡವಾ ಅನ್ನಿಸುತ್ತದೆ. ಆದರೆ ಸೈಕಲ್ ಹತ್ತಿದ ಮೇಲೆ ಲೆಕ್ಕವೇ ಬೇರೆ. ಇಲ್ಲಿ ಒಂದೇ ದೊಡ್ಡ ಏರು ಅಂತ ಇರುವುದಿಲ್ಲ. ಕಣಿವೆಗೆ ಇಳಿಯಬೇಕು, ಆ ಕಡೆ ಹತ್ತಬೇಕು, ಮುಂದಿನ ಕಣಿವೆಗೆ ಮತ್ತೆ ಇಳಿಯಬೇಕು. ಹಾಗಾಗಿ ದಾರಿ ಗೊತ್ತುಮಾಡುವಾಗ ನಾನು ಕಿಲೋಮೀಟರ್‌ಗಿಂತ ಮೊದಲು ಒಟ್ಟು ಏರು ಎಷ್ಟು ಅಂತ ನೋಡುತ್ತೇನೆ.

ನಾನಿರುವುದು ಡರ್ಬಿಯಲ್ಲಿ. ಇಲ್ಲಿನ ಗುಡ್ಡಗಳಲ್ಲಿ ಸುತ್ತಿ ಸುತ್ತಿ ನನಗೆ ಒಗ್ಗಿದ ಕ್ರಮ ಒಂದೇ. ಮೊದಲು ಮುಚ್ಚಿಹೋದ ಹಳೆ ರೈಲು ದಾರಿಯನ್ನು ಹಿಡಿಯುವುದು, ಆಮೇಲೆ ಅದಕ್ಕೆ ಅಕ್ಕಪಕ್ಕದ ಬ್ರೈಡಲ್‌ವೇಗಳನ್ನು, ಅಂದರೆ ಕುದುರೆ ಸವಾರರ ದಾರಿಗಳನ್ನು ಜೋಡಿಸುವುದು. ರೈಲಿಗೆ ಕಡಿದಾದ ಏರು ಆಗುವುದಿಲ್ಲ. ಅದಕ್ಕೇ ನೂರಕ್ಕೂ ಹೆಚ್ಚು ವರ್ಷದ ಹಿಂದೆಯೇ ಎಂಜಿನಿಯರುಗಳು ಗುಡ್ಡ ಸೀಳಿ, ಕಣಿವೆ ತುಂಬಿ ನಮಗೆ ಸಮದಾರಿ ಮಾಡಿಟ್ಟಿದ್ದಾರೆ. ಹಳಿ ಕಿತ್ತ ಮೇಲೆ ಉಳಿದಿರುವುದು ಗಟ್ಟಿಯಾದ ಸಣ್ಣ ಜಲ್ಲಿ. ಗ್ರಾವೆಲ್ ಬೈಕಿಗೆ, ಅಂದರೆ ಜಲ್ಲಿ ದಾರಿಗೆಂದೇ ಮಾಡಿದ ಅಗಲ ಟಯರಿನ ಸೈಕಲ್ಲಿಗೆ, ಇದಕ್ಕಿಂತ ಒಳ್ಳೆಯ ನೆಲ ಬೇಕಾ?

ನಕ್ಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಬಳಸುವುದು ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆ. ದಕ್ಷಿಣದ ವೈಟ್ ಪೀಕ್ ಭಾಗಕ್ಕೆ ಓಎಲ್ 24 ಸಂಖ್ಯೆಯ ನಕ್ಷೆ, ಉತ್ತರದ ಡಾರ್ಕ್ ಪೀಕ್‌ಗೆ ಓಎಲ್ 1. ಅದರಲ್ಲಿ ಗಿಡ್ಡ ಹಸಿರು ಗೀಟುಗಳ ಸಾಲು ಅಂದರೆ ಫುಟ್‌ಪಾತ್, ನಡೆಯುವವರಿಗೆ ಮಾತ್ರ. ಉದ್ದ ಹಸಿರು ಗೀಟುಗಳ ಸಾಲು ಅಂದರೆ ಬ್ರೈಡಲ್‌ವೇ. 1968ರ ಕಂಟ್ರಿಸೈಡ್ ಕಾಯ್ದೆ ಬಂದ ಮೇಲೆ ಬ್ರೈಡಲ್‌ವೇಗಳಲ್ಲಿ ಸೈಕಲ್ ಹೊಡೆಯುವ ಹಕ್ಕು ಸಿಕ್ಕಿತು. ಜೊತೆಗೆ ಒಂದು ಷರತ್ತೂ ಇದೆ: ನಡೆಯುವವರಿಗೂ ಕುದುರೆ ಸವಾರರಿಗೂ ನಾವೇ ದಾರಿ ಬಿಡಬೇಕು. ಇಂಗ್ಲೆಂಡಿನಲ್ಲಿ ಜನರಿಗೆ ಓಡಾಡುವ ಹಕ್ಕಿರುವ ಒಟ್ಟು ದಾರಿಗಳಲ್ಲಿ ಸೈಕಲ್‌ಗೆ ತೆರೆದಿರುವುದು ಸುಮಾರು ಐದರಲ್ಲಿ ಒಂದು ಪಾಲು ಅಷ್ಟೇ. ಫೋನಿನ ಆಪ್‌ಗಳು ಎಷ್ಟೋ ಸಲ ಸುಮ್ನೆ ಫುಟ್‌ಪಾತ್ ಮೇಲೆ ಗೆರೆ ಎಳೆದುಬಿಡುತ್ತವೆ. ಅದಕ್ಕೇ ಹೊರಡುವ ಮುಂಚೆ ಆ ಗೆರೆಯನ್ನು ತುಂಡು ತುಂಡಾಗಿ ನಕ್ಷೆಯ ಜೊತೆ ತಾಳೆ ನೋಡುತ್ತೇನೆ. ದಾರಿಯಲ್ಲಿ ಗೇಟಿನ ಕಂಬದ ಮೇಲೆ ಬಾಣದ ಗುರುತು ಇರುತ್ತದೆ. ಹಳದಿ ಬಾಣವಾದರೆ ಫುಟ್‌ಪಾತ್, ನೀಲಿಯಾದರೆ ಬ್ರೈಡಲ್‌ವೇ.

ನನ್ನ ಅಚ್ಚುಮೆಚ್ಚಿನ ಸುತ್ತು ಕ್ರಾಮ್‌ಫರ್ಡ್‌ನಿಂದ ಶುರುವಾಗುತ್ತದೆ. ಡರ್ಬಿಯಿಂದ ಮ್ಯಾಟ್‌ಲಾಕ್ ಕಡೆಗೆ ಹೋಗುವ ರೈಲಿನಲ್ಲೇ ಸೈಕಲ್ ಹಾಕಿಕೊಂಡು ಬಂದು ಇಳಿಯಬಹುದು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ನೀರಿನ ಬಲದಿಂದ ನೂಲು ತೆಗೆಯುವ ಗಿರಣಿ ಕಟ್ಟಲು ಹೊರಟ ಊರು ಇದು. ಕಾಲುವೆ ದಂಡೆ ಹಿಡಿದು ಸ್ವಲ್ಪ ದೂರ ಹೋದರೆ ಹೈ ಪೀಕ್ ಜಂಕ್ಷನ್. ಅಲ್ಲಿಂದ ಹಳೆ ರೈಲು ದಾರಿಯ ಮೇಲೆ ಮಾಡಿದ ಹೈ ಪೀಕ್ ಟ್ರೇಲ್ ಶುರು.

ರೈಲು ದಾರಿ ಸಮವಾಗಿರುತ್ತದೆ ಅಂದೆನಲ್ಲ, ಇಲ್ಲಿ ಮೊದಲ ಅರ್ಧ ಗಂಟೆ ಆ ಮಾತು ನಡೆಯುವುದಿಲ್ಲ. 1831ರ ಹೊತ್ತಿಗೆ ಪೂರ್ತಿಯಾದ ಕ್ರಾಮ್‌ಫರ್ಡ್ ಅಂಡ್ ಹೈ ಪೀಕ್ ರೈಲ್ವೆಯನ್ನು ಕಾಲುವೆಯ ಲೆಕ್ಕದಲ್ಲಿ ಕಟ್ಟಿದ್ದರು. ಸಮದಾರಿ, ಆಮೇಲೆ ಒಂದೇ ಉಸಿರಿಗೆ ಕಡಿದಾದ ಏರು, ಮತ್ತೆ ಸಮದಾರಿ. ಆ ಏರುಗಳಲ್ಲಿ ಬಂಡಿಗಳನ್ನು ಒಂದೇ ಕಡೆ ನಿಲ್ಲಿಸಿದ ಉಗಿ ಎಂಜಿನ್‌ಗಳಿಂದ ಮೇಲಕ್ಕೆ ಎಳೆಯುತ್ತಿದ್ದರು. ಶೀಪ್ ಪಾಶ್ಚರ್ ಇಳಿಜಾರು, ಆಮೇಲೆ ಮಿಡಲ್‌ಟನ್ ಇಳಿಜಾರು, ಎರಡೂ ಸುಮಾರು ಎಂಟು ಅಡಿಗೆ ಒಂದು ಅಡಿ ಏರುತ್ತವೆ. ನನ್ನ ಸೈಕಲ್‌ನಲ್ಲಿ ಮುಂದೆ 38 ಹಲ್ಲು, ಹಿಂದೆ ದೊಡ್ಡ ಗೇರು 44. ಸೀಟು ಬಿಟ್ಟು ಏಳದೆ ಹತ್ತಬಹುದು. ಎದ್ದು ತುಳಿದರೆ ಹಿಂದಿನ ಚಕ್ರ ಜಲ್ಲಿಯಲ್ಲಿ ಜಾರುತ್ತದೆ.

ಶೀಪ್ ಪಾಶ್ಚರ್ ಏರಿನ ಕೆಳಭಾಗದಲ್ಲಿ ಒಂದು ಗುಂಡಿ ಇದೆ. ದಯವಿಟ್ಟು ನಿಂತು ನೋಡಿ. 1888ರಲ್ಲಿ ಇಲ್ಲಿ ಕಟ್ಟು ಕಳಚಿಕೊಂಡ ಬಂಡಿಗಳು ಎಷ್ಟು ಜೋರಾಗಿ ಬಂದವೆಂದರೆ, ಕಾಲುವೆಯನ್ನೂ ಅದರಾಚೆಯ ರೈಲು ಹಳಿಯನ್ನೂ ಹಾರಿ ಬಿದ್ದವು. ಅದಾದ ಮೇಲೆ ಹಾಗೆ ತಪ್ಪಿಸಿಕೊಂಡು ಬರುವ ಬಂಡಿಗಳನ್ನು ಹಿಡಿಯಲು ಈ ಗುಂಡಿ ತೋಡಿದರು. ಅದರೊಳಗೆ ಬಿದ್ದ ಒಂದು ಬಂಡಿಯ ಮುರಿದ ಕಬ್ಬಿಣ ಇವತ್ತಿಗೂ ಎಲೆಗಳ ನಡುವೆ ತುಕ್ಕು ಹಿಡಿದು ಕೂತಿದೆ. ಈ ದಾರಿಯಲ್ಲಿ ಕೆಳಗೆ ಇಳಿಯುವವರು ಬ್ರೇಕ್ ಪ್ಯಾಡ್ ಯಾಕೆ ಪರೀಕ್ಷಿಸಬೇಕು ಅನ್ನೋದು ಅಲ್ಲಿ ನಿಂತರೆ ತಾನಾಗಿ ಅರ್ಥವಾಗುತ್ತದೆ.

ಮಿಡಲ್‌ಟನ್ ಟಾಪ್‌ನಲ್ಲಿ 1829ರ ಉಗಿ ಎಂಜಿನ್ ಇರುವ ಕಟ್ಟಡ ಹಾಗೇ ನಿಂತಿದೆ. ಅಲ್ಲಿಂದ ಮುಂದೆ ಹಾಪ್ಟನ್ ಸುರಂಗ, ಹಾಪ್ಟನ್ ಏರು, ಆಮೇಲೆ ಮಿನ್ನಿಂಗ್‌ಲೋ. ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಭಾರಿ ಏರಿಯ ಮೇಲೆ ಸೈಕಲ್ ಓಡುತ್ತದೆ. ಎರಡೂ ಕಡೆ ಹೊಲ, ಕುರಿ, ಬಿಳಿ ಕಲ್ಲುಗೋಡೆ. ಈ ಸುತ್ತಿನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಪಾರ್ಸ್ಲಿ ಹೇಯಲ್ಲಿ ಚಹಾ. ಆ ಕಡೆಯ ಕೆಫೆಗಳಲ್ಲಿ ಡರ್ಬಿಶೈರ್ ಓಟ್‌ಕೇಕ್ ಸಿಕ್ಕರೆ ಬಿಡಬೇಡಿ. ಹೆಸರಲ್ಲಿ ಕೇಕ್ ಇದ್ದರೂ ಕಾವಲಿ ಮೇಲೆ ಹೊಯ್ದ ಮೆತ್ತನೆಯ ದೋಸೆಯೇ ಅದು. ಚೀಸ್ ಹಾಕಿ ಮಡಚಿ ಕೊಡುತ್ತಾರೆ.

ಹರ್ಡ್‌ಲೋ ದಾಟಿದ ಮೇಲೆ ಟ್ರೇಲ್ ಬಿಟ್ಟು ಪೆನ್ನೈನ್ ಬ್ರೈಡಲ್‌ವೇ ಹಿಡಿದು ಚೆಲ್ಮಾರ್ಟನ್ ಕಡೆ ತಿರುಗುತ್ತೇನೆ. ಈ ಊರಿನ ಸುತ್ತ ಮಧ್ಯಯುಗದ ಉದ್ದುದ್ದ ಪಟ್ಟಿ ಹೊಲಗಳು ಕಲ್ಲುಗೋಡೆಗಳ ನಡುವೆ ಹಾಗೇ ಉಳಿದಿವೆ. ಇಲ್ಲಿಂದ ಗೇಟುಗಳು ಜಾಸ್ತಿ. ಎಷ್ಟೋ ಗೇಟುಗಳ ಚಿಲಕಕ್ಕೆ ಉದ್ದನೆಯ ಕಬ್ಬಿಣದ ಹಿಡಿ ಇರುತ್ತದೆ. ಕುದುರೆ ಮೇಲೆ ಕೂತವರ ಕೈಗೆ ಎಟುಕಲಿ ಅಂತ. ಅದನ್ನು ಬಲಗೈಯಲ್ಲಿ ಹಿಂದಕ್ಕೆ ಎಳೆದು, ಮುಂದಿನ ಚಕ್ರದಿಂದ ಗೇಟನ್ನು ಮೆಲ್ಲಗೆ ತಳ್ಳಿದರೆ ಕೆಳಗಿಳಿಯದೆ ದಾಟಬಹುದು. ಆದರೆ ಚಿಲಕ ಬಿತ್ತಾ ಅಂತ ಹಿಂತಿರುಗಿ ನೋಡದೆ ನಾನು ಮುಂದೆ ಹೋಗುವುದಿಲ್ಲ. ವಸಂತದಲ್ಲಿ ಕುರಿಮರಿಗಳು ಇರುತ್ತವೆ. ಒಂದು ಗೇಟು ತೆರೆದುಬಿಟ್ಟರೆ ರೈತರಿಗೆ ಇಡೀ ದಿನದ ಕೆಲಸ.

ಟಾಪ್ಲಿ ಪೈಕ್‌ನಿಂದ ವೈ ನದಿ ಕಡೆಗೆ ಇಳಿಯುವುದು ಮಾತ್ರ ಕಷ್ಟದ ತುಂಡು. ಇದು ಸುಣ್ಣಕಲ್ಲಿನ ನಾಡು. ಒಣಗಿದಾಗ ಈ ಕಲ್ಲು ಟಯರ್ ಹಿಡಿಯುತ್ತದೆ, ಒದ್ದೆಯಾದರೆ ಸೋಪು. ಮಳೆ ಬಂದಿದ್ದರೆ ನಾನು ಇಳಿದು ತಳ್ಳಿಕೊಂಡೇ ಹೋಗುತ್ತೇನೆ. 45 ಮಿಲಿಮೀಟರ್ ಟ್ಯೂಬ್‌ಲೆಸ್ ಟಯರ್, ಗಾಳಿ 30 ಪಿಎಸ್‌ಐ ಆಸುಪಾಸು. ಅದಕ್ಕಿಂತ ಗಟ್ಟಿಯಾದರೆ ಕೈ ನಡುಗುತ್ತದೆ, ಹಿಡಿತವೂ ಹೋಗುತ್ತದೆ. ಉತ್ತರದ ಡಾರ್ಕ್ ಪೀಕ್‌ನಲ್ಲಿ ಇರುವುದು ಗ್ರಿಟ್‌ಸ್ಟೋನ್ ಅನ್ನುವ ಒರಟಾದ ಮರಳುಗಲ್ಲು. ಅದು ಮಳೆಯಲ್ಲೂ ಟಯರ್ ಬಿಡುವುದಿಲ್ಲ. ಆದರೆ ಅಲ್ಲಿ ಮೇಲೆ ಹೋದಂತೆಲ್ಲ ಕಪ್ಪು ಕೆಸರು, ಕೊಳೆತ ಗಿಡಗಳಿಂದಾದ ಪೀಟ್ ಮಣ್ಣು. ಚಳಿಗಾಲದಲ್ಲಿ ಆ ಕಡೆ ನಾನು ತಲೆ ಹಾಕುವುದಿಲ್ಲ. ಮಳೆಗಾಲದ ಹಾಗಿರುವ ತಿಂಗಳುಗಳಲ್ಲಿ ಹಳೆ ರೈಲು ದಾರಿ, ಬೇಸಿಗೆಯಲ್ಲಿ ಬ್ರೈಡಲ್‌ವೇ.

ಕೆಳಗೆ ಬ್ಲ್ಯಾಕ್‌ವೆಲ್ ಮಿಲ್ ಹತ್ತಿರ ಮಾನ್ಸಲ್ ಟ್ರೇಲ್ ಸಿಗುತ್ತದೆ. ಬೇಕ್‌ವೆಲ್‌ವರೆಗೆ ಎಂಟೂವರೆ ಮೈಲಿ. ಲಂಡನ್‌ನಿಂದ ಮ್ಯಾಂಚೆಸ್ಟರ್‌ಗೆ ರೈಲು ಓಡುತ್ತಿದ್ದ ದಾರಿ ಇದು, 1968ರಲ್ಲಿ ನಿಂತಿತು. ಇದರ ದೊಡ್ಡ ಸುರಂಗಗಳನ್ನು 2011ರಲ್ಲಿ ತೆರೆದರು. ಒಳಗೆ ಹಗಲಲ್ಲಿ ದೀಪ ಇರುತ್ತದೆ, ಕತ್ತಲಾದ ಮೇಲೆ ಇಲ್ಲ. ಹಾಗಾಗಿ ಸೈಕಲ್ ಲೈಟ್ ಬೇಕೇ ಬೇಕು. ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ ಹಾಕಿಕೊಳ್ಳಿ. ಮಕ್ಕಳು, ನಾಯಿಗಳು, ಗಾಲಿಕುರ್ಚಿಯಲ್ಲಿ ಬರುವವರು ಎಲ್ಲ ಇರುತ್ತಾರೆ. ಇಲ್ಲಿ ವೇಗ ತೋರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು. ಬೆಲ್ ಹೊಡೆದು, ನಿಧಾನ ಮಾಡಿ, ‘ಥ್ಯಾಂಕ್ಯೂ’ ಅಂದರೆ ಸಾಕು.

ಬೇಕ್‌ವೆಲ್‌ನಿಂದ ರೌಸ್ಲಿ ದಾಟಿ ಮ್ಯಾಟ್‌ಲಾಕ್‌ಗೆ ಬಂದು ರೈಲು ಹತ್ತುತ್ತೇನೆ. ಎಲ್ಲ ಸೇರಿ 60 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಈ ದಿಕ್ಕಿನಲ್ಲೇ ಹೋಗುವುದಕ್ಕೆ ಕಾರಣ ಇದೆ. ಕಡಿದಾದ ಏರುಗಳು ಕಾಲು ಚುರುಕಾಗಿರುವಾಗಲೇ ಮುಗಿಯುತ್ತವೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ವಾಪಸ್ ಬರುವಾಗ ಬೆನ್ನಿಗೆ ಸಿಗುತ್ತದೆ. ಮನೆಗೆ ಬಂದ ಕೂಡಲೇ ಸೈಕಲ್ ತೊಳೆಯಿರಿ. ಸುಣ್ಣಕಲ್ಲಿನ ಬಿಳಿ ಕೆಸರು ಒಣಗಿದರೆ ಚೈನೂ ಬ್ರೇಕ್ ಪ್ಯಾಡೂ ಬೇಗ ಸವೆಯುತ್ತವೆ.

ಮೊದಲ ಸಲ ಬರುವವರು ಇಷ್ಟೆಲ್ಲ ಮಾಡಬೇಕಿಲ್ಲ. ಪಾರ್ಸ್ಲಿ ಹೇಯಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಅಲ್ಲಿಂದ ಆಶ್‌ಬರ್ನ್‌ವರೆಗೆ 13 ಮೈಲಿಯ ಟಿಸಿಂಗ್ಟನ್ ಟ್ರೇಲ್ ಬಹುಪಾಲು ಇಳಿಜಾರು. ಪೂರ್ತಿ ಕೆಳಗೆ ಹೋಗದೆ ಟಿಸಿಂಗ್ಟನ್ ಊರಿನಲ್ಲಿ ಊಟ ಮಾಡಿ ತಿರುಗಿ. ವಾಪಸ್ ಬರುವಾಗ ಅದೇ ದಾರಿ ಉದ್ದಕ್ಕೂ ಏರು, ಅದಕ್ಕೆ ಶಕ್ತಿ ಉಳಿಸಿಕೊಳ್ಳಿ.