ಹಳೆ ಲ್ಯಾಪ್‌ಟಾಪ್ ತೆವಳುತ್ತಿದೆಯಾ? ಮೊದಲು ಡಿಸ್ಕ್ ನೋಡಿ

ತೀರ್ಥಹಳ್ಳಿ ಹತ್ತಿರ ಇರುವ ಚಿಕ್ಕಪ್ಪನ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. 2014ರಲ್ಲಿ ಕೊಂಡದ್ದು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಡಿಕೆ ಲೆಕ್ಕ, ಬ್ಯಾಂಕಿನ ಕೆಲಸ, ಮೊಮ್ಮಗಳ ಜೊತೆ ವಿಡಿಯೊ ಕಾಲ್, ಅದರ ದುಡಿಮೆ ಇಷ್ಟೇ. ಹೋದ ಸಲ ಹಬ್ಬಕ್ಕೆ ಹೋದಾಗ ಚಿಕ್ಕಪ್ಪ ಅಂದರು: “ಇದನ್ನ ಆನ್ ಮಾಡಿ ತೋಟಕ್ಕೆ ಒಂದು ಸುತ್ತು ಹೋಗಿ ಬಂದ್ರೂ ಇನ್ನೂ ತಿರುಗ್ತಾನೇ ಇರತ್ತೆ ಮಾರಾಯ. ಹೊಸದು ತಗೊಂಬಿಡೋದಾ?”

“ಒಂದು ದಿನ ಕೊಡಿ ಚಿಕ್ಕಪ್ಪ, ಆಮೇಲೆ ನೋಡೋಣ” ಅಂದೆ. ಆ ಒಂದು ದಿನದಲ್ಲಿ ಮಾಡಿದ್ದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯ ಯಂತ್ರವೂ ಹೆಚ್ಚುಕಮ್ಮಿ ಇದೇ ಕಾಲದ್ದಾದರೆ ಇದೇ ಕ್ರಮದಲ್ಲಿ ಮಾಡಿ ನೋಡಿ.

ಗಡಿಯಾರ ಹಿಡಿದು ಕೂರಿ

ಪವರ್ ಬಟನ್ ಒತ್ತಿದ ಗಳಿಗೆಯಿಂದ ಬ್ರೌಸರ್‌ನಲ್ಲಿ ಮೊದಲ ಪುಟ ಪೂರ್ತಿ ತೆರೆಯುವವರೆಗೆ ಎಷ್ಟು ಹೊತ್ತು? ಫೋನಿನ ಸ್ಟಾಪ್‌ವಾಚ್‌ನಲ್ಲಿ ಅಳೆದು ಬರೆದಿಟ್ಟುಕೊಳ್ಳಿ. ಚಿಕ್ಕಪ್ಪನದ್ದು 6 ನಿಮಿಷ 40 ಸೆಕೆಂಡ್ ಆಯಿತು. ಅಳೆಯದೆ ರಿಪೇರಿಗೆ ಇಳಿದರೆ ಯಾವ ಮದ್ದು ನಾಟಿತು, ಯಾವುದು ನಾಟಲಿಲ್ಲ ಅಂತ ಗೊತ್ತೇ ಆಗುವುದಿಲ್ಲ.

ಶಟ್‌ಡೌನ್ ಅಲ್ಲ, ರೀಸ್ಟಾರ್ಟ್

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್, ಆಮೇಲೆ ಸಿಪಿಯು ಒತ್ತಿದರೆ ಕೆಳಗೆ ‘ಅಪ್ ಟೈಮ್’ ಅಂತ ಕಾಣುತ್ತದೆ. ಚಿಕ್ಕಪ್ಪನ ಲ್ಯಾಪ್‌ಟಾಪ್‌ನಲ್ಲಿ ಅದು 41 ದಿನ ತೋರಿಸುತ್ತಿತ್ತು! “ನಾನು ದಿನಾ ರಾತ್ರಿ ಆಫ್ ಮಾಡ್ತೀನಲ್ಲ” ಅಂದರು. ಅವರು ಹೇಳಿದ್ದು ನಿಜವೇ. ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿದೆ. ಶಟ್‌ಡೌನ್ ಮಾಡಿದರೂ ವಿಂಡೋಸ್ ತನ್ನ ಒಳಗಿನ ಭಾಗವನ್ನು ಇದ್ದ ಹಾಗೇ ಡಿಸ್ಕಿನಲ್ಲಿ ಬರೆದಿಟ್ಟು, ಮಾರನೇ ದಿನ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ ಮಾತ್ರ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ. ಕಾಸು ಖರ್ಚಿಲ್ಲದ ಕೆಲಸ.

ಯಾರು ಕಾಯಿಸುತ್ತಿದ್ದಾರೆ?

ರೀಸ್ಟಾರ್ಟ್ ಆದಮೇಲೆ ಟಾಸ್ಕ್ ಮ್ಯಾನೇಜರ್ ಮತ್ತೆ ತೆರೆಯಿರಿ. ಸಿಪಿಯು, ಮೆಮೊರಿ, ಡಿಸ್ಕ್ ಮೂರನ್ನೂ ಐದು ನಿಮಿಷ ಸುಮ್ನೆ ನೋಡುತ್ತಾ ಕೂರಿ. ಈ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಡಿಸ್ಕ್ 100 ಶೇಕಡಾದಲ್ಲೇ ಅಂಟಿಕೊಂಡಿದ್ದು ಸಿಪಿಯು 15ರ ಆಚೀಚೆ ಇದ್ದರೆ, ಪ್ರೊಸೆಸರ್ ಕೈಕಟ್ಟಿ ಕೂತಿದೆ, ಹಾರ್ಡ್ ಡಿಸ್ಕ್ ಅದನ್ನು ಕಾಯಿಸುತ್ತಿದೆ ಅಂತ ಅರ್ಥ. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಸಿಪಿಯು ಓಡುವ ವೇಗ ಅದರ ಮೂಲ ವೇಗಕ್ಕಿಂತ ಎಷ್ಟೋ ಕೆಳಗಿದ್ದು, ಬಳಕೆ ಮಾತ್ರ 100 ತೋರಿಸುತ್ತಿದ್ದರೆ ಬಿಸಿಯ ಮೇಲೆ ಅನುಮಾನ ಪಡಿ. ಚಿಕ್ಕಪ್ಪನದ್ದು ಮೊದಲನೇ ಜಾತಿ. 2018ಕ್ಕೆ ಮುಂಚಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ನಾನು ನೋಡಿದ ಬಹುಪಾಲು ಇದೇ ಜಾತಿ.

ಬೇಡದ ಅತಿಥಿಗಳು

ಟಾಸ್ಕ್ ಮ್ಯಾನೇಜರ್‌ನಲ್ಲೇ ‘ಸ್ಟಾರ್ಟಪ್’ ಅಂತ ಒಂದು ಪಟ್ಟಿ ಇದೆ. ಕಂಪ್ಯೂಟರ್ ಜೊತೆಗೇ ಎದ್ದು ಕೂರುವವರ ಪಟ್ಟಿ. ಎರಡು ವರ್ಷದ ಹಿಂದೆ ಒಮ್ಮೆ ಬಳಸಿದ ಮೀಟಿಂಗ್ ಆ್ಯಪ್, ಈಗ ಮನೆಯಲ್ಲೇ ಇಲ್ಲದ ಪ್ರಿಂಟರ್‌ನ ಸಹಾಯಕ, ಮೂರು ಅಪ್‌ಡೇಟರ್. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಕೊಡಿ. ಇದರಿಂದ ಏನೂ ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆಯಬಹುದು. ಆ್ಯಂಟಿವೈರಸ್, ಟಚ್‌ಪ್ಯಾಡ್, ಆಡಿಯೊ ಇವುಗಳನ್ನು ಮುಟ್ಟಬೇಡಿ.

ಆ್ಯಂಟಿವೈರಸ್ ಎರಡಿದ್ದರೆ ಒಂದನ್ನು ತೆಗೆಯಿರಿ. ಒಂದೇ ಮನೆಗೆ ಇಬ್ಬರು ಕಾವಲುಗಾರರಿದ್ದರೆ ಒಬ್ಬರನ್ನೊಬ್ಬರು ತಡೆದು ನಿಲ್ಲಿಸುವುದರಲ್ಲೇ ರಾತ್ರಿ ಕಳೆಯುತ್ತಾರೆ. ವಿಂಡೋಸ್‌ನಲ್ಲೇ ಬರುವ ಡಿಫೆಂಡರ್ ಮನೆಬಳಕೆಗೆ ಸಾಕು. ಬ್ರೌಸರ್‌ನಲ್ಲಿ ಯಾವಾಗಲೋ ಸೇರಿಕೊಂಡ ಎಕ್ಸ್‌ಟೆನ್ಷನ್‌ಗಳನ್ನೂ ಕಿತ್ತುಹಾಕಿ. ಸಿ ಡ್ರೈವ್ ತುಂಬಿ ಕೆಂಪಗಾಗಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ಗೆ ಹೋಗಿ ‘ಟೆಂಪರರಿ ಫೈಲ್ಸ್’ ಅಳಿಸಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಕೂಡ ಇರುತ್ತದೆ. ಅದಕ್ಕೆ ಟಿಕ್ ಹಾಕುವ ಮುಂಚೆ ಎರಡು ಸಲ ಯೋಚಿಸಿ. ಚಿಕ್ಕಪ್ಪನ ಪಹಣಿ ಪ್ರತಿಗಳೆಲ್ಲ ಅಲ್ಲೇ ಇದ್ದವು.

“ಒಂದೇ ಕ್ಲಿಕ್‌ನಲ್ಲಿ ಕಂಪ್ಯೂಟರ್ ರಾಕೆಟ್” ಎನ್ನುವ ಬೂಸ್ಟರ್, ಕ್ಲೀನರ್‌ಗಳನ್ನು ಮಾತ್ರ ದಯವಿಟ್ಟು ಹಾಕಿಕೊಳ್ಳಬೇಡಿ. ಸ್ಟಾರ್ಟಪ್ ಪಟ್ಟಿಯಲ್ಲಿ ನಾಳೆ ಅವೂ ಬಂದು ಕೂರುತ್ತವೆ.

ಇಷ್ಟು ಮಾಡಿದ ಮೇಲೆ 6 ನಿಮಿಷ 40 ಸೆಕೆಂಡ್ 5 ನಿಮಿಷಕ್ಕೆ ಇಳಿಯಿತು. ಚಿಕ್ಕಪ್ಪನ ಮುಖ ಅರಳಲಿಲ್ಲ.

ಡಿಸ್ಕ್ ಯಾಕೆ ಹೀಗೆ?

ಹಳೆ ಹಾರ್ಡ್ ಡಿಸ್ಕ್ ಒಳಗೆ ನಿಜವಾದ ತಟ್ಟೆಗಳು ತಿರುಗುತ್ತಿರುತ್ತವೆ. ಲ್ಯಾಪ್‌ಟಾಪ್‌ನದ್ದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅಂದರೆ ಸೆಕೆಂಡಿಗೆ 90. ಓದುವ ಮುಳ್ಳು ಸರಿಯಾದ ಜಾಗಕ್ಕೆ ಹೋಗಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಬೇರೆ ಬೇರೆ ಜಾಗದ ಚೂರುಪಾರು ಫೈಲುಗಳನ್ನು ಕೇಳಿದರೆ ಸೆಕೆಂಡಿಗೆ ನೂರು ತಂದುಕೊಡುವುದೂ ಅದಕ್ಕೆ ಕಷ್ಟ. ವಿಂಡೋಸ್ ಏಳುವಾಗ ಕೇಳುವುದು ಇಂಥ ಸಾವಿರಾರು ಚೂರುಗಳನ್ನೇ. ದಿನಸಿ ಅಂಗಡಿಯ ಹುಡುಗ ಪ್ರತಿ ಸಾಮಾನಿಗೂ ಏಣಿ ಹತ್ತಿ ಇಳಿದ ಹಾಗೆ. ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ಹೊಸ ಬಗೆಯ ಡಿಸ್ಕ್ ಎಸ್‌ಎಸ್‌ಡಿ. ಅದರಲ್ಲಿ ತಿರುಗುವುದು ಏನೂ ಇಲ್ಲ, ಬರೀ ಚಿಪ್‌ಗಳು. ಸೆಕೆಂಡಿಗೆ ಹತ್ತಾರು ಸಾವಿರ ಚೂರು ಕೊಡುತ್ತದೆ. ಹಳೆ ಯಂತ್ರಕ್ಕೆ ಒಂದೇ ಕಡೆ ದುಡ್ಡು ಹಾಕುವುದಾದರೆ ಇಲ್ಲಿ ಹಾಕಿ.

ಬದಲಾಯಿಸುವುದು ಹೇಗೆ?

ಮೊದಲು ಬ್ಯಾಕಪ್. ಫೋಟೊ, ದಾಖಲೆ, ಬ್ರೌಸರ್‌ನ ಪಾಸ್‌ವರ್ಡ್‌ಗಳು, ಡೆಸ್ಕ್‌ಟಾಪ್ ಮೇಲೆ ಹರಡಿದ್ದು, ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿ. ಕನ್ನಡದಲ್ಲಿ ಬರೆಯುವವರು ಇನ್ನೊಂದು ನೆನಪಿಡಿ. ಯುನಿಕೋಡ್‌ಗೆ ಮುಂಚಿನ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹಳೆ ವರ್ಡ್ ಫೈಲುಗಳಿದ್ದರೆ ಆ ಫಾಂಟುಗಳನ್ನೂ ಎತ್ತಿಡಿ. ಫಾಂಟ್ ಇಲ್ಲದ ಕಡೆ ತೆರೆದರೆ ನಿಮ್ಮ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಕೊಳ್ಳುವಾಗ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅಂತ ಕೇಳಿ. ಈ ಕಾಲದ ಲ್ಯಾಪ್‌ಟಾಪ್‌ಗಳಿಗೆ ಬಹುತೇಕ ಅದೇ. ಚೂಯಿಂಗ್ ಗಮ್ ಪಟ್ಟಿಯ ಹಾಗಿರುವ ಎಂ.2 ಬೇರೆ ಜಾತಿ, ಅದಕ್ಕೆ ಜಾಗ ಇದೆಯೋ ಇಲ್ಲವೋ ಮೊದಲೇ ನೋಡಿಕೊಳ್ಳಿ. 256 ಜಿಬಿ ಸಾಕಾಗುತ್ತದೆ, ಫೋಟೊ ಜಾಸ್ತಿ ಇದ್ದರೆ 512. ಹೆಸರೇ ಕೇಳದ ಕಂಪನಿಯದ್ದು, ಅರ್ಧ ಬೆಲೆಯದ್ದು ಬೇಡ. ಜೊತೆಗೆ ಹಳೆ ಡಿಸ್ಕ್ ಇಡಲು ಯುಎಸ್‌ಬಿ ಕೇಸ್ ಒಂದು ತಗೊಳ್ಳಿ.

ಚಾರ್ಜರ್ ತೆಗೆಯಿರಿ. ಬ್ಯಾಟರಿ ಹೊರಗೆ ಬರುವಂಥದ್ದಾದರೆ ಅದನ್ನೂ ತೆಗೆದು, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಒಳಗೇ ಇದ್ದರೆ ಮುಚ್ಚಳ ತೆಗೆದ ಕೂಡಲೇ ಮೊದಲು ಅದರ ಕನೆಕ್ಟರ್ ಬಿಡಿಸಿ. ಒಳಗೆ ಕೈ ಹಾಕುವ ಮುಂಚೆ ಯಾವುದಾದರೂ ಲೋಹ ಮುಟ್ಟಿ ಮೈಯಲ್ಲಿರುವ ಸ್ಟ್ಯಾಟಿಕ್ ಕಳೆದುಕೊಳ್ಳಿ.

ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲ್ಭಾಗದ ಪ್ಲಾಸ್ಟಿಕ್ ತೂತಾಗುತ್ತದೆ. ನಾನು ಚಿಕ್ಕಮ್ಮನ ಪಡ್ಡಿನ ಹಂಚು ಕೇಳಿ ತಂದು, ಎಣ್ಣೆ ಒರೆಸಿ, ಲ್ಯಾಪ್‌ಟಾಪ್‌ನ ಒಂದೊಂದು ಮೂಲೆಗೆ ಒಂದೊಂದು ಗುಳಿ ಅಂತ ಇಟ್ಟುಕೊಂಡೆ. (“ನಾಳೆ ತಿಂಡಿಗೆ ಪಡ್ಡು ಮಾಡೋದು, ಎಣಿಸಿ ವಾಪಸ್ ಕೊಡು” ಅಂತ ಒಳಗಿನಿಂದ ಎಚ್ಚರಿಕೆ ಬಂತು.) ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಬರಲಿಲ್ಲ. ಒತ್ತಾಯ ಮಾಡಬೇಡಿ, ಎಲ್ಲೋ ಇನ್ನೊಂದಿದೆ ಅಂತ ಅರ್ಥ. ಹಿಂಭಾಗದ ರಬ್ಬರ್ ಕಾಲಿನ ಕೆಳಗೆ ಎರಡು ಅಡಗಿದ್ದವು. ಆಮೇಲೆ ಹಳೆ ಎಟಿಎಂ ಕಾರ್ಡಿನ ಅಂಚು ತೂರಿಸಿ ಸುತ್ತ ಎಳೆದರೆ ಟಕ್ ಟಕ್ ಅಂತ ಬಿಟ್ಟುಕೊಂಡಿತು.

ಹಾರ್ಡ್ ಡಿಸ್ಕ್ ಒಂದು ತಗಡಿನ ಚೌಕಟ್ಟಿನಲ್ಲಿ ಕೂತಿರುತ್ತದೆ. ಸಾಕೆಟ್ ನೇರ ಬೋರ್ಡಿನ ಮೇಲೇ ಇದ್ದರೆ ಡಿಸ್ಕನ್ನು ಮೇಲಕ್ಕೆ ಎತ್ತಬೇಡಿ, ಪಕ್ಕಕ್ಕೆ ಜಾರಿಸಿ ಬಿಡಿಸಿ. ಚೌಕಟ್ಟಿನ ನಾಲ್ಕು ಸ್ಕ್ರೂ ಬಿಚ್ಚಿ, ಹಳೇದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿ, ಹಾಗೇ ಜಾರಿಸಿ ಕೂರಿಸಿ.

ಮುಚ್ಚಳ ತೆಗೆದದ್ದೇ ತೆಗೆದಿರಿ, ಫ್ಯಾನ್ ಕೂಡ ನೋಡಿಬಿಡಿ. ಗಾಳಿ ಹೊರಹೋಗುವ ಕಿಂಡಿಯಲ್ಲಿ ಹತ್ತು ವರ್ಷದ ಧೂಳು ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿತ್ತು. ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನಿನ ರೆಕ್ಕೆ ತಿರುಗದಂತೆ ಊದುಬತ್ತಿ ಕಡ್ಡಿಯಿಂದ ಒತ್ತಿ ಹಿಡಿದು ಮೆತ್ತನೆ ಬ್ರಷ್‌ನಲ್ಲಿ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ವಿಂಡೋಸ್ ಹೊಸದಾಗಿ ಹಾಕಿ

ಹಳೆ ಡಿಸ್ಕನ್ನು ಇದ್ದ ಹಾಗೇ ಕ್ಲೋನ್ ಮಾಡಬಹುದು. ಆದರೆ ಹತ್ತು ವರ್ಷದ ಕಸವೂ ಜೊತೆಗೇ ಬರುತ್ತದೆ. ಹೊಸ ಮನೆಗೆ ಹಳೆ ಅಟ್ಟದ ಸಾಮಾನು ಯಾಕೆ, ಅಲ್ವಾ? ಇನ್ನೊಂದು ಕಂಪ್ಯೂಟರ್‌ನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿಕೊಂಡು, 8 ಜಿಬಿ ಪೆನ್‌ಡ್ರೈವ್ ತಯಾರಿಸಿ, ಲ್ಯಾಪ್‌ಟಾಪ್ ಅದರಿಂದಲೇ ಶುರುವಾಗುವಂತೆ ಬೂಟ್ ಮಾಡಿ. ಮುಂಚೆ ಇದ್ದ ಆವೃತ್ತಿಯನ್ನೇ (ಹೋಮ್ ಅಥವಾ ಪ್ರೊ) ಆರಿಸಿ. ಲೈಸೆನ್ಸ್ ಕೀ ಕೇಳಿದರೆ ‘ನನ್ನ ಬಳಿ ಇಲ್ಲ’ ಅಂತ ಒತ್ತಿ ಮುಂದೆ ಹೋಗಿ. ಮೊದಲೇ ಅಧಿಕೃತವಾಗಿ ಆ್ಯಕ್ಟಿವೇಟ್ ಆಗಿದ್ದ ವಿಂಡೋಸ್ 10ರ ಲೈಸೆನ್ಸ್ ಮದರ್‌ಬೋರ್ಡ್ ಜೊತೆ ಗುರುತಾಗಿರುತ್ತದೆ. ಡಿಸ್ಕ್ ಬದಲಾದರೂ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಎಸ್‌ಎಸ್‌ಡಿ ಹಾಕಿದ ಮೇಲೆ ಡಿಫ್ರಾಗ್ ಮಾಡುವ (ಚದುರಿದ ಫೈಲಿನ ಚೂರುಗಳನ್ನು ಒಟ್ಟಿಗೆ ಜೋಡಿಸುವ) ಸಾಫ್ಟ್‌ವೇರ್ ಓಡಿಸಬೇಡಿ. ಪ್ರಯೋಜನ ಇಲ್ಲ, ಸುಮ್ಮನೆ ಮತ್ತೆ ಮತ್ತೆ ಬರೆದು ಡಿಸ್ಕ್ ಸವೆಯುವುದು ಬೇರೆ.

ಮತ್ತೆ ಸ್ಟಾಪ್‌ವಾಚ್: 38 ಸೆಕೆಂಡ್. ಚಿಕ್ಕಪ್ಪ ಇನ್ನೊಂದು ಸಲ ಮಾಡಿಸಿದರು.

ರ‍್ಯಾಮ್

4 ಜಿಬಿ ಇದ್ದರೆ 8ಕ್ಕೆ ಏರಿಸಿ, ಅದಕ್ಕಿಂತ ಜಾಸ್ತಿ ಈ ಕೆಲಸಗಳಿಗೆ ಬೇಕಾಗುವುದಿಲ್ಲ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಒಟ್ಟು ಎಷ್ಟು ಸ್ಲಾಟ್ ಇವೆ, ಎಷ್ಟು ಬಳಕೆಯಲ್ಲಿವೆ ಅಂತ ಬರೆದಿರುತ್ತದೆ. ಈಗಿರುವ ರ‍್ಯಾಮ್ ಪಟ್ಟಿಯ ಮೇಲಿನ ಚೀಟಿಯ ಫೋಟೊ ಹಿಡಿದು ಅಂಗಡಿಗೆ ಹೋಗಿ. ಡಿಡಿಆರ್3 ಮತ್ತು ಡಿಡಿಆರ್3ಎಲ್ ಎಂಬ ಎರಡು ಬಗೆ ನೋಡಲು ಒಂದೇ ಥರ. ಮೊದಲನೇದು 1.5 ವೋಲ್ಟ್, ಎರಡನೇದು 1.35. ಎರಡನೇದನ್ನೇ ಬಯಸುವ ಯಂತ್ರಕ್ಕೆ ಮೊದಲನೇದು ಹಾಕಿದರೆ ಸ್ಕ್ರೀನೇ ಬರದೆ ಕೂರಬಹುದು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಬಳಸಿದ ರ‍್ಯಾಮ್ ಹುಡುಕಬಹುದು. ಬಳಸಿದ ಎಸ್‌ಎಸ್‌ಡಿ ಮಾತ್ರ ಬೇಡ.

ವಿಂಡೋಸ್ 10ರ ಅವಧಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ 2026ರ ಅಕ್ಟೋಬರ್‌ವರೆಗೆ ಸುರಕ್ಷತಾ ಅಪ್‌ಡೇಟ್ ಕೊಡುವುದಾಗಿ ಹೇಳಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಏರ್ಪಾಡು ಬೇಕು, ಇಂಟೆಲ್ ಪ್ರೊಸೆಸರ್ ಆದರೆ 8ನೇ ಜನರೇಷನ್ನಿನದ್ದು ಅಥವಾ ಅದರ ನಂತರದ್ದು ಬೇಕು. ಚಿಕ್ಕಪ್ಪನದ್ದು 4ನೇದು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ, ಬ್ಯಾಂಕಿನ ಕೆಲಸ ಮಾಡುವ ಯಂತ್ರಕ್ಕೆ ನಾನು ಹಾಗೆ ಮಾಡುವುದಿಲ್ಲ.

ಇಂಥ ಯಂತ್ರಕ್ಕೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಚೆನ್ನಾಗಿ ಹೊಂದುತ್ತದೆ. ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಹಾಕಿಕೊಳ್ಳಲೇಬೇಕು ಅಂತಿಲ್ಲ. ವೈಫೈ, ಸ್ಪೀಕರ್, ಕ್ಯಾಮೆರಾ, ಪ್ರಿಂಟರ್ ಕೆಲಸ ಮಾಡುತ್ತಿವೆಯಾ ಅಂತ ಪರೀಕ್ಷಿಸಿ. ಯುನಿಕೋಡ್ ಕನ್ನಡಕ್ಕೆ ತೊಂದರೆ ಇಲ್ಲ. ಟ್ಯಾಲಿ ಬಳಸುವವರಿಗೆ ಇದು ಆಗಿಬರುವುದಿಲ್ಲ. ಚಿಕ್ಕಪ್ಪ ಎರಡು ದಿನ ನೋಡಿ, “ಬಟನ್ ಎಲ್ಲಾ ಬೇರೆ ಕಡೆ ಇದೆ, ಆದ್ರೂ ಪರ್ವಾಗಿಲ್ಲ” ಅಂದಿದ್ದಾರೆ. ಅಪ್‌ಡೇಟ್ ನಿಂತ ದಿನ ಬದಲಾಯಿಸುವುದು ಅಂತ ಮಾತಾಗಿದೆ.

ಕೇಸಿನಲ್ಲಿಟ್ಟ ಹಳೆ ಡಿಸ್ಕನ್ನು ಕನಿಷ್ಠ ಮೂರು ತಿಂಗಳು ಅಳಿಸಬೇಡಿ. ನಾನು ಊರಿಗೆ ವಾಪಸಾಗಿ ಮೂರು ವಾರಕ್ಕೆ ಫೋನ್ ಬಂತು: “2019ರ ಕೊಯ್ಲಿನ ಲೆಕ್ಕ ಎಲ್ಲಿ ಹೋಯ್ತೋ?” ಅದು ಡಾಕ್ಯುಮೆಂಟ್ಸ್‌ನಲ್ಲಿ ಇರಲಿಲ್ಲ, ಡೆಸ್ಕ್‌ಟಾಪ್‌ನಲ್ಲೂ ಇರಲಿಲ್ಲ. ಸಿ ಡ್ರೈವ್‌ನಲ್ಲಿ ‘ನ್ಯೂ ಫೋಲ್ಡರ್ 3’ರ ಒಳಗಿತ್ತು.